ಸುಣ್ಣದ ಗೆರೆಯಲ್ಲಿ ಒಂದು ಡಕೋಟಾ

ಬೀದರ್‌ನ ಮಕ್ಕಳಿಗೆ ವಿಮಾನದ ಸದ್ದು ಹೊಸದಲ್ಲ. ಪಾಠ ನಡೆಯುವಾಗ ತಲೆ ಮೇಲೆ ವಾಯುಪಡೆಯ ಹಾಕ್ ತರಬೇತಿ ಜೆಟ್ ಹೋದರೆ ಟೀಚರ್ ಅರ್ಧ ನಿಮಿಷ ಮಾತು ನಿಲ್ಲಿಸುತ್ತಾರೆ. ಸದ್ದು ದೂರ ಹೋದ ಮೇಲೆ ಬಿಟ್ಟಲ್ಲಿಂದ ಮತ್ತೆ ಶುರು. ಯಾರೂ ಕಿಟಕಿ ಕಡೆ ನೋಡುವುದಿಲ್ಲ. ದಿನಾ ಕೇಳುವ ಸದ್ದು, ಯಾಕೆ ನೋಡಬೇಕು ಅಲ್ವಾ? ಆದರೆ ನನಗೆ ಅದು ಮನಸ್ಸಿಗೆ ಚುಚ್ಚುತ್ತಿತ್ತು.

ನಾನು ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವನು. ಎಂಜಿನ್ ನೋಡಿಕೊಳ್ಳುವವರು ಬೇರೆ. ವಿಮಾನದ ಮೈ, ರೆಕ್ಕೆ, ಚಕ್ರ, ಬ್ರೇಕು ನಮ್ಮ ಪಾಲಿಗೆ. ಜಾಸ್ತಿ ವರ್ಷ ಕಳೆದದ್ದು ಕಿರಣ್ ಅನ್ನುವ ತರಬೇತಿ ಜೆಟ್ ವಿಮಾನಗಳ ಕೆಳಗೆ ಮಲಗಿ. ಹುಟ್ಟಿದ್ದು ಶಹಾಪುರದ ಕಡೆ. ನಿವೃತ್ತಿಯಾದ ಮೇಲೆ ಬೀದರ್‌ನಲ್ಲೇ ಮನೆ ಮಾಡಿದೆ. ಹೆಂಡತಿ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಕಳೆದ ಚಳಿಗಾಲದಲ್ಲಿ ಒಂದು ದಿನ ಅವಳು ನನ್ನನ್ನು ಒಂಬತ್ತನೇ ತರಗತಿಗೆ ಕರೆದುಕೊಂಡು ಹೋದಳು. ನಾನು ಮಾತು ಮುಗಿಸಿದ ಮೇಲೆ ಹಿಂದಿನ ಬೆಂಚಿನ ಹುಡುಗ ಎದ್ದು ಕೇಳಿದ: "ಸರ್, ವಿಮಾನ ಖರೇ ಎಷ್ಟು ದೊಡ್ಡದಿರ್ತದ್ರಿ? ನಮ್ಮ ಬಸ್ಸಿನಷ್ಟಾ?"

ಉತ್ತರ ಹೇಳಿದೆ. ಅಷ್ಟು ಮೀಟರ್, ಇಷ್ಟು ಮೀಟರ್ ಅಂತ. ಅವನ ಮುಖ ನೋಡಿದರೆ ಏನೂ ತಿಳಿದಿಲ್ಲ ಅಂತ ಗೊತ್ತಾಗುತ್ತಿತ್ತು.

ಇಂಗ್ಲೆಂಡಿನ ಕಡೆ ಹಳೆಯ ಏರ್‌ಪೋರ್ಟುಗಳಲ್ಲಿ ಹಳೆ ವಿಮಾನಗಳನ್ನು ಸಾಲಾಗಿ ನಿಲ್ಲಿಸಿ, ಒಂದು ದಿನ ಗೇಟು ತೆರೆದುಬಿಡುತ್ತಾರೆ. ಮಕ್ಕಳು ರೆಕ್ಕೆ ಮುಟ್ಟಬಹುದು, ಕಾಕ್‌ಪಿಟ್ ಒಳಗೆ ಇಣುಕಬಹುದು. ನಮ್ಮಲ್ಲಿ ಬೆಂಗಳೂರಿನ ಹಳೆ ಏರ್‌ಪೋರ್ಟಿನ ಹತ್ತಿರ ಎಚ್‌ಎಎಲ್ ಮ್ಯೂಸಿಯಂ ಇದೆ. ಒಳ್ಳೆಯ ಜಾಗ. ಆದರೆ ಬೀದರ್‌ನಿಂದ ಸುಮಾರು 700 ಕಿಲೋಮೀಟರ್. ಇಲ್ಲಿನ ವಾಯುನೆಲೆ ಇವತ್ತಿಗೂ ಕೆಲಸ ಮಾಡುವ ಸೇನೆಯ ಜಾಗ, ಅಲ್ಲಿಗೆ ಸುಮ್ನೆ ನೋಡೋಕೆ ಹೋಗುವಂತಿಲ್ಲ. ಹೋಗಲೂಬಾರದು. ಹಾಗಾದರೆ ವಿಮಾನವನ್ನು ನಾವೇ ತರಬೇಕು. ನಿಜವಾದ ಅಳತೆಯಲ್ಲಿ, ಶಾಲೆಯ ಮೈದಾನದ ಮೇಲೆ, ಸುಣ್ಣದಲ್ಲಿ ಬರೆಯೋಣ ಅಂದೆ. ಹೆಡ್‌ಮಾಸ್ತರು ಒಂದೇ ಮಾತು ಕೇಳಿದರು: "ಸೋಮವಾರ ಪ್ರಾರ್ಥನೆಗೆ ಜಾಗ ಇರ್ತದಲ್ರಿ?" ಇರ್ತದೆ ಅಂದೆ.

ಯಾವ ವಿಮಾನ ಬರೆಯಬೇಕು ಅನ್ನುವುದಕ್ಕೆ ಎರಡು ರಾತ್ರಿ ಯೋಚಿಸಿದೆ. ನಮ್ಮ ಭಾಗದ ಜೊತೆ ನಂಟು ಇರುವ ವಿಮಾನಗಳೇ ಬೇಕು ಅಂತ ನನ್ನ ಹಟ. ನಾವು ಆಗ ಹೈದರಾಬಾದ್ ಸಂಸ್ಥಾನದವರು. ನಮ್ಮ ಅಜ್ಜಂದಿರಿಗೆ ಏರೋಡ್ರೋಮ್ ಅಂದರೆ ಹೈದರಾಬಾದಿನ ಬೇಗಂಪೇಟೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ಟೈಗರ್ ಮಾತ್ ಅನ್ನುವ ಸಣ್ಣ ವಿಮಾನದ ಮೇಲೆ ಹುಡುಗರು ಹಾರುವುದನ್ನು ಕಲಿಯುತ್ತಿದ್ದರು. ಯುದ್ಧ ಮುಗಿದ ಮೇಲೆ ನಿಜಾಮ್ ಸರ್ಕಾರ ಮತ್ತು ಟಾಟಾ ಸೇರಿ ನಡೆಸಿದ ಡೆಕ್ಕನ್ ಏರ್‌ವೇಸ್‌ನ ಡಕೋಟಾ ಅನ್ನುವ ಎರಡು ಎಂಜಿನ್‌ನ ಪ್ರಯಾಣಿಕರ ವಿಮಾನಗಳು ಅಲ್ಲಿಂದಲೇ ಹಾರಿದವು. 1953ರಲ್ಲಿ ಆ ಕಂಪನಿ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಸೇರಿಹೋಯಿತು. 2008ರ ಮಾರ್ಚಿನಲ್ಲಿ ಬೇಗಂಪೇಟೆಯಿಂದ ಪ್ರಯಾಣಿಕರ ವಿಮಾನಗಳೂ ನಿಂತವು. ಮೂರನೆಯದು ನನ್ನ ಕಿರಣ್. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಕಟ್ಟಿದ್ದು ಇದೇ ಬೀದರ್‌ನಲ್ಲಿ, ಕಿರಣ್ ವಿಮಾನಗಳ ಮೇಲೆ. ಅದನ್ನು ಬಿಡೋಕೆ ನನಗೆ ಮನಸ್ಸೇ ಬರಲಿಲ್ಲ.

ಸಾಮಾನು ಜಾಸ್ತಿ ಏನಿಲ್ಲ. ಎರಡು ಚೀಲ ಸುಣ್ಣದ ಪುಡಿ, ಸುತಳಿ, ಅರವತ್ತನಾಲ್ಕು ಕಟ್ಟಿಗೆಯ ಗೂಟ, ಎರಡು ಟೇಪು, ತಳಕ್ಕೆ ತೂತು ಹೊಡೆದ ಹಾಲಿನ ಪುಡಿ ಡಬ್ಬಿ. ಬೀದರ್‌ನ ಮಣ್ಣು ಕೆಂಪು. ಅದರ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಶುರು ಮಾಡಿದೆವು. ಮೊದಲ ಕೆಲಸ ಬರೆಯುವುದಲ್ಲ, ಹೆಕ್ಕುವುದು. ವಾಯುನೆಲೆಯಲ್ಲಿ ನಾವೆಲ್ಲ ಭುಜಕ್ಕೆ ಭುಜ ಕೊಟ್ಟು ಸಾಲಾಗಿ ನಿಂತು, ವಿಮಾನ ಓಡಾಡುವ ಜಾಗದ ಮೇಲೆ ನಿಧಾನ ನಡೆಯುತ್ತಿದ್ದೆವು. ಕಲ್ಲು, ಮೊಳೆ, ತಂತಿ ಚೂರು, ಏನು ಕಂಡರೂ ಹೆಕ್ಕಬೇಕು. ಜೆಟ್ ಎಂಜಿನ್ ಓಡುವಾಗ ಮುಂದಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಅದರ ಜೊತೆ ಒಂದು ಜಲ್ಲಿ ಕಲ್ಲು ಹೋದರೂ ಒಳಗಿನ ಬ್ಲೇಡು ಮುರಿಯಬಹುದು. ಮಕ್ಕಳನ್ನು ಹಾಗೇ ಸಾಲು ನಿಲ್ಲಿಸಿದೆ. ಈ ತುದಿಯಿಂದ ಆ ತುದಿ. ಅರ್ಧ ಬಕೆಟ್ ತುಂಬಿತು. ಸೋಡಾ ಮುಚ್ಚಳ, ಮುರಿದ ಪೆನ್ನು, ತುಕ್ಕು ಹಿಡಿದ ಎಂಟು ಮೊಳೆ. ಆ ಮೊಳೆಗಳನ್ನು ನೋಡಿ ಪಿ.ಟಿ. ಮಾಸ್ತರು ಸುಮ್ಮನಾದರು. ಮಕ್ಕಳು ಬರಿಗಾಲಲ್ಲಿ ಖೋಖೋ ಆಡುವ ಜಾಗ ಅದು.

ಆಮೇಲೆ ಡಕೋಟಾ. ಮೂತಿಯಿಂದ ಬಾಲದ ತನಕ ಸುಮಾರು 19.6 ಮೀಟರ್. ರೆಕ್ಕೆಯ ಈ ತುದಿಯಿಂದ ಆ ತುದಿಗೆ 29 ಮೀಟರ್. ಮೊದಲು ಮಧ್ಯದ ಗೆರೆ ಎಳೆದೆವು. ವಿಮಾನ ಕಟ್ಟುವವರೂ ಹಾಗೇ, ಎಲ್ಲ ಅಳತೆಯೂ ಆ ಗೆರೆಯಿಂದಲೇ. ರೆಕ್ಕೆಗೆ ನೇರ ಮೂಲೆ ಬೇಕಲ್ಲ? ಹೆಂಡತಿ ಸುತಳಿಯಲ್ಲಿ 6, 8, 10 ಮೀಟರ್‌ನ ತ್ರಿಕೋನ ಹಿಡಿಸಿದಳು. ಪೈಥಾಗೊರಸ್ ಪ್ರಮೇಯವನ್ನು ಬೋರ್ಡಿನ ಮೇಲೆ ಹತ್ತು ಸಲ ಬರೆದವರು ಅವತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಪ್ರೊಪೆಲ್ಲರ್‌ಗೆ ಗೂಟಕ್ಕೆ ಸುತಳಿ ಕಟ್ಟಿ ಮೂರೂವರೆ ಮೀಟರ್ ಅಗಲದ ಎರಡು ಚಕ್ರ. ರೆಕ್ಕೆಯ ಮುಂದಿನ ಅಂಚು ಎಂಜಿನ್ ದಾಟಿದ ಮೇಲೆ ಹಿಂದಕ್ಕೆ ವಾಲುತ್ತದೆ, ಹಿಂದಿನ ಅಂಚು ಹೆಚ್ಚುಕಡಿಮೆ ನೇರ. ಡಬ್ಬಿಯಲ್ಲಿ ಸುರಿದ ಗೆರೆ ತಿರುವಿನಲ್ಲಿ ದಪ್ಪ ಆಗುತ್ತಿತ್ತು. ಆಗ ಹೆಣ್ಣುಮಕ್ಕಳು ಡಬ್ಬಿ ಪಕ್ಕಕ್ಕೆ ಇಟ್ಟು, ರಂಗೋಲಿ ಹಾಕುವ ಹಾಗೆ ಬೆರಳಲ್ಲೇ ಬಿಟ್ಟರು. ಬಾಲದ ದುಂಡನೆ ಅಂಚು ಅಷ್ಟು ಚೆಂದ ನಾನು ಹಾಕಲಾರೆ.

ಎರಡೂ ರೆಕ್ಕೆ ಮುಗಿದ ಮೇಲೆ ಸಿಮೆಟ್ರಿ ಚೆಕ್ ಮಾಡೋಣ ಅಂದೆ. ರಿಪೇರಿ ಆದ ವಿಮಾನಕ್ಕೆ ನಾವು ಮಾಡುತ್ತಿದ್ದ ಪರೀಕ್ಷೆ ಇದು. ಮೂತಿಯಿಂದ ಎಡ ರೆಕ್ಕೆಯ ತುದಿಗೆ ಎಷ್ಟು, ಬಲ ರೆಕ್ಕೆಯ ತುದಿಗೆ ಎಷ್ಟು? ಎರಡೂ ಒಂದೇ ಬರಬೇಕು. ನಮ್ಮದರಲ್ಲಿ 30 ಸೆಂಟಿಮೀಟರ್ ವ್ಯತ್ಯಾಸ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಗೂಟ ಸರಿ ಇದೆ, ಮೂಲೆ ಸರಿ ಇದೆ. ತಪ್ಪು ಎಲ್ಲಿ? ಇಪ್ಪತ್ತು ನಿಮಿಷ ಹುಡುಕಿದೆವು. ಕೊನೆಗೆ ಒಬ್ಬ ಹುಡುಗಿ ಎರಡು ಟೇಪುಗಳನ್ನು ಅಕ್ಕಪಕ್ಕ ನೆಲದ ಮೇಲೆ ಹಾಸಿದಳು. ಬಲಗಡೆ ಸ್ಟೀಲ್ ಟೇಪು. ಎಡಗಡೆ ಹಿಡಿದದ್ದು ಹಳೆಯ ಬಟ್ಟೆ ಟೇಪು. ಎಳೆದೆಳೆದು ಅದು ಉದ್ದ ಆಗಿಬಿಟ್ಟಿತ್ತು. ಎಡ ರೆಕ್ಕೆ ಪೂರ್ತಿ ಪೊರಕೆಯಲ್ಲಿ ಗುಡಿಸಿ ಮತ್ತೆ ಬರೆದೆವು. "ಇರಲಿ ಬಿಡ್ರಿ ಸರ್, ಯಾರಿಗೆ ಕಾಣ್ತದ" ಅಂತ ಒಬ್ಬನೂ ಅನ್ನಲಿಲ್ಲ. ಆ ದಿನದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಅದೇ.

ಟೈಗರ್ ಮಾತ್ ಮತ್ತು ಕಿರಣ್ ಬೇಗ ಆದವು. ಸಂಜೆ ಗೂಟ ಎಣಿಸಿದರೆ ಅರವತ್ಮೂರು. ವಾಯುಪಡೆಯಲ್ಲಿ ಒಂದು ಸ್ಕ್ರೂಡ್ರೈವರ್ ಕಡಿಮೆ ಬಂದರೂ ಅದು ಸಿಗುವ ತನಕ ವಿಮಾನ ಹಾರುವುದಿಲ್ಲ. ಕಂಟ್ರೋಲ್ ಕೇಬಲ್ ನಡುವೆ ಅದು ಸಿಕ್ಕಿಕೊಂಡರೆ ಪೈಲಟ್ ಜೀವ ಹೋಗುತ್ತದೆ. ಹಾಗಂತ ಹೇಳಿದೆ. ಕತ್ತಲಾಗುವ ತನಕ ಹುಡುಕಿದರು. ಸುಣ್ಣದ ಖಾಲಿ ಚೀಲದೊಳಗೆ ಸಿಕ್ಕಿತು.

ಭಾನುವಾರ ಬೆಳಿಗ್ಗೆ ಎಂಟಕ್ಕೇ ಜನ ಬರೋಕೆ ಶುರು. ಡಕೋಟಾ ಒಳಗೆ ಇಪ್ಪತ್ತೊಂದು ಕುರ್ಚಿ ಹಾಕಿದ್ದೆವು. ಒಂದು ಕಡೆ ಎರಡು, ದಾರಿ ಬಿಟ್ಟು ಇನ್ನೊಂದು ಕಡೆ ಒಂದು, ಹೀಗೆ ಏಳು ಸಾಲು. ಡಕೋಟಾಕ್ಕೆ ಬಾಲದ ಕೆಳಗೆ ಸಣ್ಣ ಚಕ್ರ. ನಿಂತಾಗ ಅದರ ಮೂತಿ ಮೇಲಕ್ಕೆ ಇರುತ್ತದೆ, ಒಳಗೆ ಹತ್ತಿದವರು ಏರು ದಾರಿಯಲ್ಲಿ ನಡೆದ ಹಾಗೆ ಸೀಟಿಗೆ ಹೋಗಬೇಕು. ಸಮ ನೆಲದಲ್ಲಿ ಅದನ್ನು ತೋರಿಸೋದು ಹೇಗೆ? ಹಲಗೆಯ ಒಂದು ತುದಿಗೆ ಇಟ್ಟಿಗೆ ಕೊಟ್ಟು ಬಾಗಿಲ ಹತ್ತಿರ ಇಟ್ಟೆವು. ಎಲ್ಲರೂ ಅದನ್ನು ಹತ್ತಿಯೇ ಒಳಗೆ ಬಂದರು.

ಟೈಗರ್ ಮಾತ್ ಚಿಕ್ಕದು. ರೆಕ್ಕೆ 9 ಮೀಟರ್‌ಗಿಂತ ಸ್ವಲ್ಪ ಕಡಿಮೆ. ಒಂದರ ಹಿಂದೆ ಒಂದು ಎರಡು ಸೀಟು, ಒಬ್ಬನೇ ಹಾರಿಸುವಾಗ ಹಿಂದಿನ ಸೀಟಿನಲ್ಲಿ ಕೂರಬೇಕು. ಗಾಳಿಯ ಸದ್ದಿನಲ್ಲಿ ಗುರು ಶಿಷ್ಯರು ಮಾತಾಡುತ್ತಿದ್ದದ್ದು ಒಂದು ಕೊಳವೆಯಲ್ಲಿ. ನಾವು ಗಿಡಕ್ಕೆ ನೀರು ಬಿಡುವ ಪೈಪಿನ ಎರಡೂ ತುದಿಗೆ ಎಣ್ಣೆ ಹಾಕುವ ಫನಲ್ ಸಿಕ್ಕಿಸಿದೆವು. ಆ ಪೈಪಿನ ಮುಂದೆ ಮಧ್ಯಾಹ್ನದ ತನಕ ಸಾಲು ಕರಗಲೇ ಇಲ್ಲ.

ಅದರ ರೆಕ್ಕೆ ಕಟ್ಟಿಗೆ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿದ್ದು ಅಂದರೆ ದೊಡ್ಡವರೂ ನಂಬಲಿಲ್ಲ. ಬಟ್ಟೆಗೆ ಡೋಪ್ ಅನ್ನುವ ದ್ರಾವಣ ಬಳಿಯುತ್ತಾರೆ, ಒಣಗಿದಾಗ ಅದು ಬಟ್ಟೆಯನ್ನು ಬಿಗಿ ಎಳೆಯುತ್ತದೆ. ಡೋಪ್ ಬೇಗ ಬೆಂಕಿ ಹಿಡಿಯುವ ವಸ್ತು, ಮಕ್ಕಳ ಹತ್ತಿರ ತರುವಂಥದ್ದಲ್ಲ. ಅದಕ್ಕೆ ಒಂದು ಸಣ್ಣ ಚೌಕಟ್ಟಿಗೆ ಖಾದಿ ಬಟ್ಟೆ ಹೊಡೆದು, ದಪ್ಪ ಗಂಜಿ ಬಳಿದು ಬಿಸಿಲಿಗೆ ಇಟ್ಟಿದ್ದೆ. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತಿತ್ತು. ಒಬ್ಬ ಹುಡುಗ ಕಿವಿ ಹತ್ತಿರ ಹಿಡಿದು ಕೇಳಿ ಹೇಳಿದ: "ನಮ್ಮಪ್ಪ ಬಾರಿಸೋ ಹಲಗಿ ಬೆಂಕಿಗೆ ಕಾಸಿ ಬಿಗಿ ಮಾಡ್ತಾನಲ್ರಿ ಸರ್, ಹಂಗೇ ಇದು." ಇಷ್ಟು ವರ್ಷ ನಾನು ಎಷ್ಟೋ ಜನರಿಗೆ ಇದನ್ನು ವಿವರಿಸಿದ್ದೇನೆ. ಅಷ್ಟು ಸರಿಯಾಗಿ ಹೇಳಲು ನನಗೇ ಬಂದಿರಲಿಲ್ಲ. ಉಳಿದ ಹೊತ್ತು ಆ ಚೌಕಟ್ಟಿನ ಹತ್ತಿರ ಅವನನ್ನೇ ನಿಲ್ಲಿಸಿದೆ.

ಹನ್ನೊಂದರ ಸುಮಾರಿಗೆ ಎಲ್ಲರನ್ನೂ ಡಕೋಟಾ ರೆಕ್ಕೆಯ ಮೇಲೆ ಕೂರಿಸಿ 1948ರ ಕಥೆ ಹೇಳಿದೆ. ಸಿಡ್ನಿ ಕಾಟನ್ ಅನ್ನುವ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ರಾತ್ರಿ ಹೊತ್ತು ನಿಜಾಮರಿಗೆ ಗುಟ್ಟಾಗಿ ಆಯುಧ ತರುತ್ತಿದ್ದ. ಅವನ ವಿಮಾನ ಲ್ಯಾಂಕಾಸ್ಟ್ರಿಯನ್. ಲ್ಯಾಂಕಾಸ್ಟರ್ ಬಾಂಬರನ್ನೇ ಬದಲಾಯಿಸಿ ಮಾಡಿದ್ದು, ನಾಲ್ಕು ಎಂಜಿನ್. ಅವು ಇಳಿಯುತ್ತಿದ್ದ ಜಾಗಗಳಲ್ಲಿ ಒಂದು ವಾರಂಗಲ್, ಇನ್ನೊಂದು ಬೀದರ್. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಸಂಸ್ಥಾನದೊಳಗೆ ಬಂದಾಗ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಈ ಏರೋಡ್ರೋಮ್‌ಗಳ ಮೇಲೆ ದಾಳಿ ಮಾಡಿದವು. 17ಕ್ಕೆ ಎಲ್ಲ ಮುಗಿಯಿತು.

ಒಬ್ಬ ಹುಡುಗಿಯ ಮುತ್ತಜ್ಜಿ ಆಟೋದಲ್ಲಿ ಬಂದಿದ್ದರು. ಕಥೆ ಮುಗಿದ ಮೇಲೆ ಕೈ ಎತ್ತಿ ನನ್ನನ್ನು ಹತ್ತಿರ ಕರೆದರು. "ಆವಾಗ ನಾ ಇಷ್ಟೇ ಇದ್ದೆ ನೋಡಪ್ಪ" ಅಂತ ಮೊಣಕಾಲಿನ ಮೇಲೆ ಕೈ ಇಟ್ಟು ತೋರಿಸಿದರು. ವಿಮಾನದ ಸದ್ದು ಕೇಳಿದಾಗ ಅವರವ್ವ ಮಕ್ಕಳನ್ನೆಲ್ಲ ಕಾಳು ತುಂಬಿಡುವ ಹಗೇವಿನ ಹತ್ತಿರ ಎಳೆದುಕೊಂಡು ಹೋಗಿ ಕೂರಿಸಿದ್ದಳಂತೆ. ಆ ಕಾಳಿನ ವಾಸನೆ ಇವತ್ತಿಗೂ ನೆನಪಿದೆ ಅಂದರು. ಆಮೇಲೆ ಡಕೋಟಾ ಕಡೆ ಬೆರಳು ಮಾಡಿ, "ಅವತ್ತು ಬಂದಿದ್ದು ಇದೇ ಏನಪಾ?" ಅಂತ ಕೇಳಿದರು. ಅಲ್ಲ ಅಜ್ಜಿ, ಅವು ಒಂದೇ ಎಂಜಿನ್‌ನವು, ಒಬ್ಬನೇ ಪೈಲಟ್, ಇದು ಜನರನ್ನು ಕರೆದುಕೊಂಡು ಹೋಗುವ ವಿಮಾನ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮರಿಮಗಳ ಕೈ ಹಿಡಿದು, ಹಲಗೆ ಬೇಡ ಅಂತ ಪಕ್ಕದಿಂದ ಬಂದು, ಮೊದಲ ಸಾಲಿನಲ್ಲಿ ಕೂತರು. ಊಟದ ಹೊತ್ತಿನ ತನಕ ಏಳಲಿಲ್ಲ.

ಕಿರಣ್ ಹತ್ತಿರ ಹೋಗೋಕೆ ನನಗೆ ಮಧ್ಯಾಹ್ನವೇ ಆಯಿತು. ಅಕ್ಕಪಕ್ಕ ಎರಡು ಸೀಟು, 10.7 ಮೀಟರ್ ರೆಕ್ಕೆ. ಎಚ್‌ಎಎಲ್‌ನಲ್ಲಿ ಕಟ್ಟಿದ ಈ ವಿಮಾನ ಮೊದಲು ಹಾರಿದ್ದು 1964ರ ಸೆಪ್ಟೆಂಬರ್‌ನಲ್ಲಿ. ಎಡ ಚಕ್ರ ಇರಬೇಕಾದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಟೈರು ಹೇಗೆ ನೋಡಬೇಕು, ಬ್ರೇಕಿನ ಎಣ್ಣೆ ಸೋರಿದರೆ ಎಲ್ಲಿ ಕಾಣುತ್ತದೆ ಅಂತ ತೋರಿಸುತ್ತಿದ್ದೆ. ಅಲ್ಲಿ ಬರೀ ಮಣ್ಣು ಮತ್ತು ಸುಣ್ಣ. ಆದರೂ ಕೈ ತಾನಾಗೇ ಸರಿಯಾದ ಎತ್ತರಕ್ಕೆ ಹೋಗುತ್ತಿತ್ತು.

ಸೋಮವಾರ ಪ್ರಾರ್ಥನೆಗೆ ಮಕ್ಕಳು ಗೆರೆ ತುಳಿಯದೆ ಡಕೋಟಾ ಒಳಗೇ ಸಾಲು ನಿಂತರು. ನಾನು ಗೂಟದ ಚೀಲ ಒಯ್ಯೋಕೆ ಬಂದಿದ್ದೆ. ಅಷ್ಟರಲ್ಲಿ ಒಂದು ಹಾಕ್ ಬಂತು. ಎಲ್ಲ ತಲೆಗಳೂ ಒಟ್ಟಿಗೆ ಮೇಲೆ ಹೋದವು. ಬಸ್ಸಿನ ಪ್ರಶ್ನೆ ಕೇಳಿದ್ದ ಹುಡುಗ ನನ್ನ ಕಡೆ ತಿರುಗಿದ. "ಸರ್, ಅದರ ರೆಕ್ಕಿ ಕಿರಣ್‌ಕಿಂತ ಸಣ್ಣದಲ್ರಿ?" ಹೌದು, 10 ಮೀಟರ್‌ಗೂ ಸ್ವಲ್ಪ ಕಡಿಮೆ ಅಂದೆ. ಅವನು ಬೇವಿನ ಮರದ ಕಡೆ ನೋಡಿದ. "ಮತ್ತ ಲ್ಯಾಂಕಾಸ್ಟ್ರಿಯನ್?" ಅದು 31 ಮೀಟರ್. ಡಕೋಟಾ ರೆಕ್ಕೆಯ ತುದಿಯಿಂದ ಮರಕ್ಕೆ ಎಷ್ಟು ದೂರ ಅಂತ ಅವನು ಆಗಲೇ ಹೆಜ್ಜೆ ಹಾಕಿ ಎಣಿಸುತ್ತಿದ್ದ.