ಸೈಜ್ ಮಾಡಿದ್ ಕೇಸ್ ಚೇಂಬರ್‌ನಲ್ಲಿ ಟೈಟ್ ಆದ್ರೆ ನಾನು ಹೆಂಗೆ ಹುಡುಕ್ತೀನಿ

ಫೈರ್ ಆದ ತೋಟಾದ ಹಿತ್ತಾಳೆ ಕವಚಾನ, ಅಂದ್ರೆ ಕೇಸ್‌ನ, ಮತ್ತೆ ಲೋಡ್ ಮಾಡೋಕೆ ಮುಂಚೆ ಪ್ರೆಸ್‌ಗೆ ತಿರುಗ್ಸಿ ಕೂರಿಸಿದ ಡೈ ಅನ್ನೋ ಅಚ್ಚಿಗೆ ಒತ್ತಿ ಅಳತೆಗೆ ತರ್ತೀವಿ, ಅದೇ ಸೈಜಿಂಗ್. ಹೀಗೆ ಕೇಸ್‌ನ ಫುಲ್ ಲೆಂಗ್ತ್ ಸೈಜ್ ಮಾಡಿರ್ತೀವಿ, ಆದ್ರೂ ರೈಫಲ್‌ನ ಚೇಂಬರ್‌ಗೆ (ಬ್ಯಾರಲ್‌ನಲ್ಲಿ ಕೇಸ್ ಕೂರೋ ಜಾಗ) ಹಾಕಿದ್ರೆ ಬೋಲ್ಟ್ ಹ್ಯಾಂಡಲ್ ಕೆಳಗಿಳಿಯೋ ಕೊನೇ ಹಂತದಲ್ಲಿ ಬಿಗಿ ಆಗತ್ತೆ, ಅಂಗೈ ಕೊಟ್ಟು ಒತ್ತಬೇಕು ಅನ್ಸತ್ತೆ. ಇದಕ್ಕೆ ಎಲ್ಲರ ಬಾಯಲ್ಲೂ ಬರೋ ಉತ್ತರ ಒಂದೇ, ಡೈನ ಇನ್ನೂ ಸ್ವಲ್ಪ ಕೆಳಗೆ ತಿರುಗ್ಸು. ಕೆಲವು ಸಲ ಅದು ಸರೀನೇ, ಕೆಲವು ಸಲ ಏನೂ ಉಪಯೋಗ ಇಲ್ಲ, ಇನ್ನು ಕೆಲವು ಸಲ ಶೋಲ್ಡರ್ (ಕೇಸಿನ ಬಾಡಿ ಸಣ್ಣ ಆಗಿ, ಬುಲೆಟ್ ಹಿಡಿಯೋ ನೆಕ್ ಸೇರೋ ಇಳಿಜಾರು) ಬೇಕಾಗಿದ್ದಕ್ಕಿಂತ ಹಿಂದೆ ಹೋಗಿ ಸ್ವಲ್ಪ ಫೈರಿಂಗ್ ಆಗೋದ್ರೊಳಗೆ ಕೇಸ್ ಬುಡದ ಹತ್ರ ಸೀಳೋಕೆ ಶುರು ಮಾಡತ್ತೆ. ಹಾಗಾಗಿ ಕೇಸು ಎಲ್ಲಿ ತಾಗ್ತಿದೆ ಅಂತ ಕಣ್ಣಾರೆ ನೋಡೋ ತನಕ ನಾನು ಡೈ ಮುಟ್ಟಲ್ಲ.

ನೋಡೋ ರೀತಿ ಸುಲಭ. ಪ್ರೈಮರ್ (ಬುಡದಲ್ಲಿ ಕೂತು ಕಿಡಿ ಕೊಡೋ ಸಣ್ಣ ಬಟ್ಟಲು) ಇಲ್ಲ, ಪೌಡರ್ ಇಲ್ಲ, ಬರೀ ಸೈಜ್ ಆಗಿರೋ ಖಾಲಿ ಕೇಸು. ರೈಫಲ್ ಖಾಲಿ ಇದ್ಯಾ ಅಂತ ಬೆರಳು ಹಾಕಿ ನೋಡ್ಕೊಂಡು, ಬೋಲ್ಟಿಂದ ಫೈರಿಂಗ್ ಪಿನ್ ಅಸೆಂಬ್ಲಿ ಬಿಚ್ಚಿಡ್ತೀನಿ, ಆಗೋದಾದ್ರೆ ಕೇಸ್ ಹೊರಗೆ ಎಸೆಯೋ ಈಜೆಕ್ಟರ್ ಕೂಡ, ಯಾಕಂದ್ರೆ ಆ ಸ್ಪ್ರಿಂಗ್‌ಗಳ ಬಿಗೀನೇ ಕೇಸಿನ ಬಿಗಿ ಅಂತ ಅನ್ಸಿಬಿಡತ್ತೆ. ಬಿಚ್ಚಿದ ಮೇಲೆ ಖಾಲಿ ಚೇಂಬರ್ ಮೇಲೆ ಹ್ಯಾಂಡಲ್ ತನ್ನ ಭಾರಕ್ಕೇ ಬೀಳತ್ತೆ. ಆಮೇಲೆ ಕೇಸಿಗೆ ಪೂರ್ತಿ ಕಪ್ಪು ಮಾರ್ಕರ್ ಬಳಿದು, ಒಣಗಿದ್ಮೇಲೆ ಚೇಂಬರ್‌ಗೆ ಹಾಕಿ ಬೋಲ್ಟ್ ಮುಚ್ಚಿ ತೆಗೀತೀನಿ. ಶಾಯಿ ಎಲ್ಲಿ ಉಜ್ಜಿ ಹಿತ್ತಾಳೆ ಹೊಳೀತಿದ್ಯೋ ಅಲ್ಲೇ ತಾಗ್ತಿರೋದು. ಚೇಂಬರ್ ಮೊದ್ಲೇ ಒರೆಸಿರಬೇಕು, ಇಲ್ದಿದ್ರೆ ಒಂದು ಕಸದ ಚೂರೇ ದಾರಿ ತಪ್ಸತ್ತೆ.

ಶೋಲ್ಡರ್ ಸುತ್ತ ಉಂಗುರದ ಥರ ಹೊಳಪು ಬಂದ್ರೆ, ಹೆಚ್ಚಿನ ಸಲ ಅದೇ ಬರೋದು, ಶೋಲ್ಡರ್ ಸಾಕಷ್ಟು ಹಿಂದೆ ಹೋಗಿಲ್ಲ. ಇಲ್ಲಿ ಒಂದು ವಿಚಾರ ತುಂಬ ಜನಕ್ಕೆ ವಿಚಿತ್ರ ಅನ್ಸತ್ತೆ. ಡೈ ಅರ್ಧಂಬರ್ಧ ಇಳಿದಿದ್ದಾಗ ಕೇಸ್ ಫೈರ್ ಆಗಿ ಬಂದಿದ್ದಕ್ಕಿಂತಲೂ ಹೆಚ್ಚು ಟೈಟ್ ಆಗತ್ತೆ. ಯಾಕಂದ್ರೆ ಡೈ ಮೊದ್ಲು ಬಾಡಿನ ಪಕ್ಕದಿಂದ ಅಮುಕತ್ತೆ, ಹಸಿ ಮಣ್ಣಿನ ಉಂಡೇನ ಮುಷ್ಟೀಲಿ ಹಿಸುಕಿದ್ರೆ ಮೇಲಿಂದ ಉಬ್ಬಿ ಬರಲ್ವಾ ಹಾಗೆ ಶೋಲ್ಡರ್ ಮುಂದಕ್ಕೆ ಹೋಗತ್ತೆ, ಡೈಯೊಳಗಿನ ಶೋಲ್ಡರ್ ಬಂದು ತಾಗಿದ ಮೇಲಷ್ಟೇ ಅದು ವಾಪಸ್ ಹಿಂದೆ ಸರಿಯೋದು. ಅಂದ್ರೆ ಡೈ ಸ್ವಲ್ಪ ಇಳಿಸಿದ ತಕ್ಷಣ ಇನ್ನೂ ಟೈಟ್ ಆಯ್ತು ಅಂದ್ರೆ ಗಾಬರಿ ಬೇಡ, ದಾರಿ ಸರಿ ಇದೆ, ಇನ್ನೂ ಸ್ವಲ್ಪ ಇಳೀಬೇಕು ಅಷ್ಟೇ.

ಎಷ್ಟು ಇಳಿಸ್ಬೇಕು ಅನ್ನೋದು ಅಂದಾಜಿನ ಕೆಲಸ ಅಲ್ಲ, ಅಳತೆಯ ಕೆಲಸ. ಕ್ಯಾಲಿಪರ್‌ಗೆ ಹೆಡ್‌ಸ್ಪೇಸ್ ಕಂಪ್ಯಾರೇಟರ್ (ಬುಡದಿಂದ ಶೋಲ್ಡರ್ ತನಕ ಉದ್ದ ಅಳೆಯೋ ಜೋಡಣೆ) ಹಾಕಿ, ನನ್ನ ರೈಫಲ್‌ನಲ್ಲೇ ಫೈರ್ ಆದ ಕೇಸ್ ಅಳೀತೀನಿ, ಅದ್ರಿಂದ 0.001 ರಿಂದ 0.002 ಇಂಚು ಹಿಂದೆ ಹೋದ್ರೆ ಬೋಲ್ಟ್ ಆಕ್ಷನ್‌ಗೆ ಸಾಕು, ಸೆಮಿ ಆಟೋ ಆದ್ರೆ 0.003 ರಿಂದ 0.004. ಅಳೆಯೋಕೆ ಮುಂಚೆ ಹಳೇ ಪ್ರೈಮರ್ ತೆಗೆದುಬಿಡಿ, ಅದು ಕೂದಲೆಳೆಯಷ್ಟು ಉಬ್ಬಿದ್ರೂ ರೀಡಿಂಗ್ ಸುಳ್ಳು. .308 ವಿಂಚೆಸ್ಟರ್ ಚೇಂಬರ್ ಪರೀಕ್ಷೆ ಮಾಡೋ ಗೋ ಗೇಜ್ (ಇದ್ರ ಮೇಲೆ ಬೋಲ್ಟ್ ಮುಚ್ಚಬೇಕು) 1.630 ಇಂಚು, ನೋ ಗೋ (ಇದ್ರ ಮೇಲೆ ಮುಚ್ಚಬಾರ್ದು) 1.634, ಇಡೀ ಆಟ ನಡೆಯೋದೇ ಈ ನಾಕು ಥೌ (ಒಂದು ಥೌ ಅಂದ್ರೆ 0.001 ಇಂಚು) ಒಳಗೆ, ಅಷ್ಟರಲ್ಲಿ ಡೈನ ಕಾಲು ಸುತ್ತು ತಿರುಗ್ಸಿ ನೋಡೋಣ ಅನ್ನೋರಿಗೆ ಏನ್ ಹೇಳೋದು, ಡೈ ಥ್ರೆಡ್ ಇಂಚಿಗೆ 14 ಇರೋದ್ರಿಂದ ಒಂದು ಸುತ್ತು ಅಂದ್ರೆ ಸುಮಾರು 0.071 ಇಂಚು, ಕಾಲು ಸುತ್ತೇ 0.018 ಆಗೋಯ್ತು.

ಇನ್ನೊಂದು ಕಡೆ ಕಣ್ಣಿಡಿ. ಖಾಲಿ ಪ್ರೆಸ್‌ನಲ್ಲಿ ಡೈ, ಕೇಸಿನ ಬುಡ ಹಿಡಿಯೋ ಶೆಲ್ ಹೋಲ್ಡರ್‌ಗೆ ತಾಗಿರತ್ತೆ, ಆದ್ರೆ ಒಳಗೆ ಕೇಸ್ ಹೋಗಿ ಬಲ ಬಿದ್ದಾಗ ಪ್ರೆಸ್ ಸ್ವಲ್ಪ ಬಾಗಿ ಎರಡರ ಮಧ್ಯೆ ಬೆಳಕಿನ ಗೆರೆ ಕಾಣತ್ತೆ. ಹಿಂದೆ ಟಾರ್ಚ್ ಹಿಡಿದು ನೋಡಿದ್ರೆ ಗೊತ್ತಾಗತ್ತೆ. ಆ ಗೆರೆಯ ದಪ್ಪದಷ್ಟು ಸೈಜಿಂಗ್ ಬಾಕಿ ಉಳೀತು ಅಂತ ಲೆಕ್ಕ. ಗೆರೆ ಇಲ್ಲ, ಗಟ್ಟಿಯಾಗಿ ತಾಗ್ತಿದೆ, ಆದ್ರೂ ಟೈಟ್ ಅಂದ್ರೆ ಶೆಲ್ ಹೋಲ್ಡರ್ ಮೇಲ್ಭಾಗದಿಂದ ಒಂದೆರಡು ಥೌ ಉಜ್ಜಿ ತೆಗೀತಾರೆ. ಹಾಗೆ ಉಜ್ಜಿದ ಹೋಲ್ಡರ್‌ಗೆ ಗುರುತು ಹಾಕಿ ಬೇರೆ ಇಡ್ಬೇಕು, ಬೇರೆ ರೈಫಲ್ಲಿನ ಕೇಸಿಗೆ ಅದನ್ನ ಹಾಕಿದ್ರೆ ಶೋಲ್ಡರ್ ಸಿಕ್ಕಾಪಟ್ಟೆ ಹಿಂದೆ ಹೋಗತ್ತೆ.

ಒಂದೇ ಸೆಟ್ಟಿಂಗ್‌ನಲ್ಲಿ ಒಂದು ಕೇಸ್ ಸಲೀಸು, ಮುಂದಿನದು ಬಿಗಿ, ಹೀಗಾದ್ರೆ ನನ್ನ ಅನುಮಾನ ಹೋಗೋದು ಹಿತ್ತಾಳೆ ಮೇಲೆ. ಹತ್ತಾರು ಸಲ ಫೈರ್ ಆದ ಹಿತ್ತಾಳೆ ಗಡಸಾಗಿ ಸ್ಪ್ರಿಂಗ್ ಥರ ವಾಪಸ್ ಬರತ್ತೆ, ಅನೀಲ್ ಮಾಡಿದ್ರೆ, ಅಂದ್ರೆ ನೆಕ್ ಶೋಲ್ಡರ್ ಭಾಗ ಕಾಯಿಸಿ ಮೆತ್ತಗೆ ಮಾಡಿದ್ರೆ, ಶೋಲ್ಡರ್ ಅಳತೆ ಮತ್ತೆ ಒಂದೇ ಸಮ ಬರತ್ತೆ. ರ‍್ಯಾಮ್ (ಕೇಸನ್ನ ಡೈಯೊಳಗೆ ಎತ್ತೋ ಪ್ರೆಸ್ ಕಂಬ) ಮೇಲೆ ಇದ್ದಾಗ ಎರಡು ಸೆಕೆಂಡ್ ಹಾಗೇ ಹಿಡಿದ್ರೂ ವ್ಯತ್ಯಾಸ ಕಡಿಮೆ ಆಗತ್ತೆ. ಲ್ಯೂಬ್ ಒಂದಕ್ಕೆ ಜಾಸ್ತಿ ಒಂದಕ್ಕೆ ಕಮ್ಮಿ ಆದ್ರೂ ಇದೇ ಗೋಳು. ಅದಕ್ಕಿಂತ ಕಳ್ಳ ಕಾರಣ ಎಕ್ಸ್‌ಪ್ಯಾಂಡರ್ ಬಾಲ್, ಡೈ ಮಧ್ಯದ ಕಡ್ಡೀಲಿದ್ದು ನೆಕ್ ಒಳಗಿಂದ ಅಗಲ ಮಾಡೋ ಗುಂಡು. ನೆಕ್ ಒಳಗೆ ಒಣಗಿದ್ರೆ ಅದು ಕಿರ್ ಅಂತ ಎಳ್ಕೊಂಡು ಬರೋವಾಗ, ಡೈ ಹಿಂದೆ ತಳ್ಳಿದ ಶೋಲ್ಡರ್‌ನ ಮತ್ತೆ ಮುಂದಕ್ಕೆ ಎಳೆದುಬಿಡತ್ತೆ. ಪರೀಕ್ಷೆ ಮಾಡೋಕೆ ಎಕ್ಸ್‌ಪ್ಯಾಂಡರ್ ತೆಗೆದು ಒಂದು ಕೇಸ್ ಸೈಜ್ ಮಾಡಿ ಅಳೀರಿ, ಅಳತೆ ಕಮ್ಮಿ ಬಂದ್ರೆ ಕಳ್ಳ ಸಿಕ್ಕ.

ಶಾಯಿ ಬುಡದಲ್ಲಿ, ಎಕ್ಸ್‌ಟ್ರ್ಯಾಕ್ಟರ್ ಗ್ರೂವ್‌ಗೆ (ಕೇಸ್ ಹೊರಗೆಳೆಯೋ ಕೊಕ್ಕೆ ಕೂರೋ ಕಚ್ಚು) ಸ್ವಲ್ಪ ಮೇಲೆ ಉಜ್ಜಿದ್ರೆ ಕಥೆ ಬೇರೆ. ಅಲ್ಲಿಗೆ ಡೈ ಪೂರ್ತಿ ತಲುಪಲ್ಲ, ಎಷ್ಟು ತಿರುಗ್ಸಿದ್ರೂ ಶೋಲ್ಡರ್ ಹಾಳಾಗತ್ತೆ ಹೊರತು ಬುಡ ಸಣ್ಣ ಆಗಲ್ಲ. ಬೇರೆ ರೈಫಲ್‌ನ ದೊಡ್ಡ ಚೇಂಬರ್‌ನಲ್ಲಿ ಫೈರ್ ಆದ ಕೇಸ್‌ಗಳಲ್ಲಿ ಇದು ಜಾಸ್ತಿ. ಬುಡಾನ ಇನ್ನಷ್ಟು ಸಣ್ಣ ಮಾಡೋ ಸ್ಮಾಲ್ ಬೇಸ್ ಡೈ ಇದಕ್ಕೇ ಇರೋದು. ಸ್ವಂತ ರೈಫಲ್‌ನ ಕೇಸ್‌ಗಳೇ ಕೆಲವು ಫೈರಿಂಗ್ ಆದ್ಮೇಲೆ ಬೋಲ್ಟ್ ಎತ್ತೋವಾಗ ಕೊನೇಲಿ ಕ್ಲಿಕ್ ಅನ್ನೋಕೆ ಶುರು ಮಾಡಿದ್ರೆ ಅದೂ ಬುಡದ ಸಮಸ್ಯೇನೇ ಇರಬಹುದು. ಆದ್ರೆ ಫೈರ್ ಆದ ಮೇಲೆ ಬೋಲ್ಟ್ ಎತ್ತೋಕೇ ಕಷ್ಟ ಆಗ್ತಿದ್ರೆ ಪ್ರೆಶರ್ ಜಾಸ್ತಿ ಇರಬಹುದು, ಉಳಿದ ರೌಂಡ್ ಹೊಡೀಬೇಡಿ, ಸೈಜಿಂಗ್ ಮಾತು ಆಮೇಲೆ.

ಖಾಲಿ ಕೇಸ್ ಆರಾಮಾಗಿ ಹೋಗತ್ತೆ, ಬುಲೆಟ್ ಕೂರಿಸಿದ್ಮೇಲೆ ಮಾತ್ರ ಟೈಟ್, ಇದು ಸೈಜಿಂಗ್ ಡೈದು ಅಲ್ಲವೇ ಅಲ್ಲ. ಪ್ರೈಮರ್ ಪೌಡರ್ ಇಲ್ಲದ ಡಮ್ಮಿ ಮಾಡಿ ಅದಕ್ಕೆ ಮಾರ್ಕರ್ ಬಳೀರಿ. ಬುಲೆಟ್ ಮೇಲೆ ರೈಫ್ಲಿಂಗ್ (ಬ್ಯಾರಲ್ ಒಳಗಿನ ತಿರುಚು ಗೆರೆ) ಗುರುತು ಬಿದ್ದಿದ್ರೆ ಸೀಟಿಂಗ್, ಅಂದ್ರೆ ಬುಲೆಟ್ ಕೂರಿಸಿದ್ದು, ಉದ್ದ ಆಯ್ತು. ನೆಕ್ ಮೇಲೆ ಹೊಳಪು ಬಂದ್ರೆ ನೆಕ್ ದಪ್ಪ ಆಗಿರಬಹುದು. ಶೋಲ್ಡರ್ ಬಾಡಿ ಸೇರೋ ಮೂಲೇಲಿ ಬಂದ್ರೆ ಕ್ರಿಂಪ್ (ಕೇಸಿನ ಬಾಯಿನ ಬುಲೆಟ್ ಮೇಲೆ ಅಮುಕೋದು) ನೋಡಿ, ಸೀಟಿಂಗ್ ಡೈ ಬಾಡಿ ತೀರ ಕೆಳಗಿದ್ರೆ ನೆಕ್‌ನ ಕೆಳಕ್ಕೆ ತಳ್ಳಿ ಶೋಲ್ಡರ್ ಕಣ್ಣಿಗೆ ಕಾಣದಷ್ಟು ಉಬ್ಬತ್ತೆ. ಕೇಸ್ ಉದ್ದ ಒಂದೇ ಸಮ ಇಲ್ಲದಿದ್ರಂತೂ ಉದ್ದ ಇರೋವಷ್ಟೇ ಉಬ್ಬಿ ತಲೆ ಕೆಡ್ಸತ್ತೆ. ನಾನು ಸೀಟಿಂಗ್ ಬೇರೆ, ಕ್ರಿಂಪ್ ಬೇರೆ ಮಾಡ್ತೀನಿ.

ಉದ್ದದ ವಿಷಯ ಹಗುರ ಮಾಡ್ಕೋಬೇಡಿ. .308 ಕೇಸ್ ಗರಿಷ್ಠ 2.015 ಇಂಚು, ಟ್ರಿಮ್ ಮಾಡೋದು 2.005 ಕ್ಕೆ. ಬಾಯಿ ಚೇಂಬರ್ ತುದಿಗೆ ಹೋಗಿ ಸಿಕ್ಕಿದ್ರೆ ಬುಲೆಟ್‌ನ ಹಿಡ್ಕೊಂಡುಬಿಡತ್ತೆ, ಪ್ರೆಶರ್ ಏರತ್ತೆ. ಸೈಜ್ ಮಾಡಿದ್ಮೇಲೆ ಕೇಸ್ ಉದ್ದ ಆಗೋದ್ರಿಂದ ಅಳತೆ, ಟ್ರಿಮ್ ಎರಡೂ ಸೈಜಿಂಗ್ ಆದ್ಮೇಲೇ.

ಈಗಾಗ್ಲೇ ಲೋಡ್ ಆಗಿರೋ ಟೈಟ್ ರೌಂಡ್‌ಗಳನ್ನ ಬೋಲ್ಟ್ ಒತ್ತಿ ಮುಚ್ಚೋದು ಬೇಡ, ಡಿಕ್ಯಾಪಿಂಗ್ ಪಿನ್ (ಡೈಯೊಳಗೆ ಪ್ರೈಮರ್ ಹೊರಗೆ ತಳ್ಳೋ ಮೊಳೆ) ತೆಗೆದ್ರೆ ಆಯ್ತು ಅಂತ ಲೈವ್ ರೌಂಡ್‌ನ ಸೈಜಿಂಗ್ ಡೈಗೆ ಹಾಕೋದಂತೂ ಬೇಡವೇ ಬೇಡ. ಬುಲೆಟ್ ಪುಲ್ಲರ್ ತಗೊಂಡು ಒಂದೊಂದಾಗಿ ಬಿಚ್ಚೋದೇ. ಬೇಜಾರಿನ ಕೆಲಸ, ನಿಜ. ಬಿಚ್ಚಿದ ಕೇಸ್ ಮತ್ತೆ ಲೋಡ್ ಮಾಡೋಕೆ ಮುಂಚೆ, ತುದಿ ಬಗ್ಗಿಸಿದ ಸಣ್ಣ ತಂತಿ ಒಳಗೆ ಬಿಟ್ಟು ಬುಡದ ಹತ್ರ ಗೋಡೆಗೆ ಎಳೆದು ನೋಡಿ, ತುದಿ ಒಂದು ಹಳ್ಳಕ್ಕೆ ಸಿಕ್ಕಿದಂಗೆ ಆದ್ರೆ ಅಲ್ಲಿ ಹಿತ್ತಾಳೆ ತೆಳುವಾಗಿದೆ, ಆ ಕೇಸ್‌ನ ಪ್ಲೈಯರ್‌ನಲ್ಲಿ ಜಜ್ಜಿ ಎಸೀರಿ.