ಪೆರೋಲ್ ಮೇಲೆ ಬಂದವರಿಗೆ ನಗರ ನಿರ್ವಹಣೆಯ ಕೆಲಸ ಕೊಡುವ ಬಗೆ

ಶಿವಮೊಗ್ಗದ ಹಳೆಯ ಜೈಲಿನ ಆವರಣ ಈಗ ಸಭೆ ಸಮಾರಂಭಗಳು ನಡೆಯುವ ಫ್ರೀಡಂ ಪಾರ್ಕ್ ಆಗಿದೆ. ಈಗಿನ ಜೈಲು ಊರ ಹೊರಗಿನ ಸೋಗಾನೆಯಲ್ಲಿದೆ. ಅಲ್ಲಿಂದ ಹೊರಬಂದವರಿಗೆ ಚರಂಡಿಯ ಹೂಳೆತ್ತುವ, ಪಾರ್ಕಿನ ಕಳೆ ಕೀಳುವ, ರಸ್ತೆ ಬದಿಯ ಪೊದೆ ಸವರುವ ಕೆಲಸವನ್ನು ನಗರಾಡಳಿತವೇ ಕೊಡಲು ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯವಿದೆ, ಆದರೆ ಸಲಿಕೆಯನ್ನು ಅವರ ಕೈಗೆ ಕೊಡುವ ಮುನ್ನ ಅವರ ಕೈಯಲ್ಲಿರುವ ಕಾಗದವನ್ನು ಓದಬೇಕು. ವಾರ್ಡಿನ ಎಂಜಿನಿಯರ್, ಆರೋಗ್ಯ ನಿರೀಕ್ಷಕರು ಮತ್ತು ಗುತ್ತಿಗೆದಾರರು ಮುಂದುವರಿಯಬೇಕಾದ ರೀತಿಯನ್ನು ಇಲ್ಲಿ ವಿವರಿಸಿದ್ದೇನೆ.

ಯಾವ ಕಾಗದದ ಮೇಲೆ ಹೊರಗಿದ್ದಾರೆ?

ಅಮೆರಿಕದಲ್ಲಿ ಪೆರೋಲ್ ಎಂದರೆ ಶಿಕ್ಷೆಯ ಉಳಿದ ಅವಧಿಯನ್ನು ಮೇಲ್ವಿಚಾರಣೆಯಡಿ ಹೊರಗೆ ಕಳೆಯುವುದು. ಆದ್ದರಿಂದಲೇ ಕ್ಯಾಲಿಫೋರ್ನಿಯಾದಂಥ ಕಡೆ ಪೆರೋಲ್ ಮೇಲಿರುವವರ ತಂಡಗಳನ್ನು ಕಟ್ಟಿ ಹೆದ್ದಾರಿ ಬದಿಯ ಕಸ ತೆಗೆಸಲು ಆಗಿದೆ. ನಮ್ಮಲ್ಲಿ ಪೆರೋಲ್ ಎಂಬುದು ಒಂದು ರಜೆ. ತಾಯಿಯ ಕಾಯಿಲೆ, ಮಗಳ ಮದುವೆ, ಬಿದ್ದ ಮನೆಯ ದುರಸ್ತಿ, ಗದ್ದೆಯ ಕೆಲಸ, ಇಂಥ ಕಾರಣಕ್ಕೆ ಇಷ್ಟೇ ದಿನವೆಂದು ಲೆಕ್ಕ ಹಾಕಿ ಬಿಡುತ್ತಾರೆ, ದಿನ ತುಂಬಿದೊಡನೆ ಮರಳಿ ಜೈಲಿನ ಬಾಗಿಲಲ್ಲಿ ನಿಲ್ಲಬೇಕು. ಅವಧಿಪೂರ್ವ ಬಿಡುಗಡೆಗೆ ಬೇಕಾದ 14 ವರ್ಷಗಳ ಸೆರೆವಾಸವನ್ನು ಎಣಿಸುವಾಗ ಪೆರೋಲ್ ದಿನಗಳನ್ನು ಬಿಟ್ಟೇ ಎಣಿಸಬೇಕೆಂದು ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಅಷ್ಟು ದುಬಾರಿಯಾದ ದಿನಗಳಲ್ಲಿ ಒಂದನ್ನು ನಗರದ ಚರಂಡಿಗಾಗಿ ಕೇಳಲು ನಮಗೆ ಸಂಕೋಚವಿರಬೇಕು. ತಾವಾಗಿ ಬಂದು ಕೆಲಸ ಕೇಳಿದವರನ್ನಷ್ಟೇ ತೆಗೆದುಕೊಳ್ಳಿ. ಪಟ್ಟಿ ತರಿಸಿ ಆರಿಸುವ ಕ್ರಮ ಬೇಡ.

ಇಡೀ ಹಂಗಾಮಿಗೆ ಆಳು ಬೇಕಾದರೆ ಬೇರೆಯವರ ಕಡೆ ನೋಡುವುದು ಲೇಸು. ಷರತ್ತಿನ ಮೇಲೆ ಅವಧಿಗೆ ಮುನ್ನ ಬಿಡುಗಡೆಯಾದವರು, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಬರೆದುಕೊಟ್ಟು ಹೊರಗಿರುವವರು ಮತ್ತು ಶಿಕ್ಷೆಯನ್ನು ಪೂರ್ತಿ ಮುಗಿಸಿದವರು ನಿಲ್ಲುವ ಆಳುಗಳು. ಮುಚ್ಚಳಿಕೆಯ ಅವಧಿ ಗರಿಷ್ಠ 3 ವರ್ಷ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಾಟೆ ಮಾಡಿದವರಿಗೆ, ಮೊದಲ ಬಾರಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಹಿಂದಿರುಗಿಸಿದವರಿಗೆ ನ್ಯಾಯಾಲಯ ಇದನ್ನು ವಿಧಿಸಬಹುದು. ಈ ಸೇವೆಗೆ ಕೂಲಿಯಿಲ್ಲ, ಏಕೆಂದರೆ ಅದೇ ಶಿಕ್ಷೆ. ಇವರ ಹೆಸರನ್ನು ಕೂಲಿಯವರ ಹಾಜರಿ ಪುಸ್ತಕದಲ್ಲಿ ಎಂದಿಗೂ ಬರೆಯಬೇಡಿ. ಎರಡೂ ಬಗೆಯವರು ಒಂದೇ ಪುಸ್ತಕದಲ್ಲಿ ಸೇರಿಕೊಂಡರೆ, ಕೂಲಿ ಸಲ್ಲಬೇಕಾದವನಿಗೂ "ನಿನ್ನದು ಶಿಕ್ಷೆ ತಾನೇ" ಎಂದು ಹೇಳುವ ಮೇಸ್ತ್ರಿ ಹುಟ್ಟಿಕೊಳ್ಳುತ್ತಾನೆ.

ಆದೇಶವನ್ನು ಓದುವ ರೀತಿ

ಪೆರೋಲ್ ಆದೇಶದಲ್ಲಿ ನಾಲ್ಕು ಸಂಗತಿಗಳನ್ನು ಹುಡುಕಿ: ಬಿಟ್ಟ ಕಾರಣ, ಮರಳಬೇಕಾದ ದಿನಾಂಕ, ಇರಬೇಕಾದ ಸರಹದ್ದು, ಸಹಿ ಹಾಕಬೇಕಾದ ಪೊಲೀಸ್ ಠಾಣೆ. ತೀರ್ಥಹಳ್ಳಿ ತಾಲ್ಲೂಕಿನೊಳಗೇ ಇರಬೇಕೆಂದು ಬರೆದಿದ್ದರೆ ಅಂಥವರನ್ನು ಶಿವಮೊಗ್ಗದ ಕೆಲಸಕ್ಕೆ ಕರೆಯುವುದೆಂದರೆ ಅವರ ಕೈಯಿಂದಲೇ ಷರತ್ತು ಮುರಿಸಿದಂತೆ. ಕಾರಣಕ್ಕೂ ಕೆಲಸಕ್ಕೂ ಹೊಂದಿಕೆಯಾಗದಿದ್ದರೆ ಜೈಲಿನ ಅಧೀಕ್ಷಕರಿಗೆ ಪತ್ರ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಫೋನಿನಲ್ಲಿ "ಆಯ್ತು, ಮಾಡಿಸ್ಕೊಳ್ಳಿ" ಎಂದದ್ದು ಕಾಗದವಾಗುವುದಿಲ್ಲ. ಆದೇಶದ ಭಾಷೆ ಬಿಡಿಸಿಕೊಳ್ಳಲಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬಹುದು; 15100ಕ್ಕೆ ಕರೆ ಮಾಡಿದರೂ ಆದೀತು.

ಠಾಣೆಯ ಸಹಿಯನ್ನು ನಾವು ಹಗುರವಾಗಿ ಕಾಣುತ್ತೇವೆ. ಮಲೆನಾಡಿನ ಒಂದು ಪಟ್ಟಣದಲ್ಲಿ ನಾನು ಕಂಡಂತೆ, ಪ್ರತಿ ಸೋಮವಾರ ಬೆಳಿಗ್ಗೆ ಸಹಿ ಹಾಕಿ ಬರುವಷ್ಟರಲ್ಲಿ ಒಬ್ಬರಿಗೆ ಹತ್ತೂವರೆ ದಾಟುತ್ತಿತ್ತು. ಬೆಳಗಿನ ಹಾಜರಿ (ಮಸ್ಟರಿಂಗ್) ಮುಗಿದಿದ್ದರಿಂದ ಮೇಸ್ತ್ರಿ ಗೈರುಹಾಜರಿ ಹಾಕುತ್ತಿದ್ದರು. ನಾಲ್ಕನೆಯ ಸೋಮವಾರ ಆ ಮನುಷ್ಯ ಕೆಲಸಕ್ಕೆ ಬರಲಿಲ್ಲ, ಮಂಗಳವಾರವೂ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಆ ದಿನದ ಅಂಕಣದಲ್ಲಿ ಮುಂಚೆಯೇ "ಠಾಣೆ, 11ಕ್ಕೆ ಹಾಜರು" ಎಂದು ಬರೆದಿಟ್ಟು, ಸಂಜೆ ಅಷ್ಟು ಹೊತ್ತು ಹೆಚ್ಚಿಗೆ ಕೆಲಸ ಮಾಡಿಸಿಕೊಂಡಿದ್ದರೆ ಮುಗಿಯುತ್ತಿತ್ತು.

ಮಳೆಗೆ ಮುಂಚೆ

ಇಲ್ಲಿಯ ನಿರ್ವಹಣೆಯ ಪಂಚಾಂಗ ಮಳೆಯದು. 2019ರ ಆಗಸ್ಟ್‌ನಲ್ಲಿ ತುಂಗೆಯ ನೀರು ತಗ್ಗು ಬಡಾವಣೆಗಳಿಗೆ ನುಗ್ಗಿದ್ದನ್ನು ನೆನೆಸಿಕೊಂಡರೆ, ರಾಜಕಾಲುವೆಯ ಹೂಳನ್ನು ಏಪ್ರಿಲ್, ಮೇ ತಿಂಗಳಲ್ಲೇ ಎತ್ತಿ ಮುಗಿಸಬೇಕೆಂದು ಬೇರೆ ಹೇಳಬೇಕಾಗಿಲ್ಲ. ಜನವರಿಯಲ್ಲಿ ಕಾಗದಪತ್ರಗಳನ್ನು ಆರಂಭಿಸಿದರೆ ಏಪ್ರಿಲ್‌ಗೆ ತಂಡ ಸಿದ್ಧವಾಗುತ್ತದೆ. ಗದ್ದೆ ಕೆಲಸಕ್ಕೆಂದು ಪೆರೋಲ್ ಪಡೆದವರು ನಾಟಿಯ ಹೊತ್ತಿಗೆ, ಅಂದರೆ ಜುಲೈ ಸುಮಾರಿಗೆ ಊರಲ್ಲಿರುತ್ತಾರೆ. ಅವರನ್ನು ಗದ್ದೆಯಲ್ಲೇ ಇರಲು ಬಿಡಿ. ಬೇಸಿಗೆಯಲ್ಲಿ ಹೆಂಚು ಕೈಯಾಡಿಸಲು ಬಂದವರು ವಾರಕ್ಕೆರಡು ದಿನ ಕೆಲಸ ಸಿಗಬಹುದೇ ಎಂದು ಕೇಳಿದರೆ ಅರ್ಥವಿದೆ, ಹೆಂಚಿಗೂ ದುಡ್ಡು ಬೇಕಲ್ಲ.

ಮ್ಯಾನ್‌ಹೋಲಿಗೆ, ಮಲದ ಗುಂಡಿಗೆ ಯಾರನ್ನೂ ಇಳಿಸಬಾರದು. ಮಲ ಹೊರುವ ಪದ್ಧತಿಯನ್ನು ತಡೆಯುವ 2013ರ ಕಾಯ್ದೆ ಅಂಥ ಅಪಾಯದ ಶುಚಿ ಕೆಲಸವನ್ನು ನಿಷೇಧಿಸಿದೆ, ಒಪ್ಪಿಗೆಯ ಸಹಿಯಿಂದ ನಿಷೇಧ ಸಡಿಲವಾಗದು. ಅಲ್ಲಿ ಜೋರಾಗಿ ನೀರು ಹಾಯಿಸಿ ಶುಚಿ ಮಾಡುವ ಜೆಟ್ಟಿಂಗ್ ಯಂತ್ರವೇ ಆಗಬೇಕು. ರಸ್ತೆ ಬದಿಯ ಚರಂಡಿಯಲ್ಲಿ ಮೊದಲು ಹಾರೆಯಿಂದ ಚಪ್ಪಡಿ ಸರಿಸಿ, ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಮೇಲಿನಿಂದಲೇ ಉದ್ದ ಹಿಡಿಯ ಸಲಿಕೆಯಲ್ಲಿ ಹೂಳನ್ನು ಬಾಂಡ್ಲಿಗೆ ತುಂಬಬೇಕು. ಗಮ್ ಬೂಟು, ಮೊಣಕೈವರೆಗಿನ ಕೈಗವಸು ಕೊಡದೆ ಕೆಲಸ ಆರಂಭಿಸಬೇಡಿ, ಹೂಳಿನಲ್ಲಿ ಗಾಜಿನ ಚೂರು ಇದ್ದೇ ಇರುತ್ತದೆ, ಇಲಿಜ್ವರದ ಭಯವೂ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಕಾಡಂಚಿನ ಪೊದೆ ಸವರಿಸುವುದಾದರೆ ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಕಾಲವೆಂಬುದು ನೆನಪಿರಲಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಸಿ, ಜ್ವರ ಬಂದವರನ್ನು ಅದೇ ದಿನ ಆಸ್ಪತ್ರೆಗೆ ಕಳುಹಿಸಿ.

ಕೂಲಿ

ಪಕ್ಕದಲ್ಲಿ ಕೆಲಸ ಮಾಡುವ ಇತರರಿಗೆ ಎಷ್ಟೋ ಇವರಿಗೂ ಅಷ್ಟೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರ ಏಷ್ಯಾಡ್ (ದೆಹಲಿಯ ಏಷ್ಯನ್ ಕ್ರೀಡಾಕೂಟ) ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ರಾಜ್ಯದಲ್ಲಿ ಕನಿಷ್ಠ ಕೂಲಿಯೊಳಗಿನ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಂದು ಬದಲಾಗುವುದರಿಂದ ಜನವರಿಯ ಅಂದಾಜು ಪಟ್ಟಿಯಲ್ಲಿ ಹಳೆಯ ದರ ಹಿಡಿದು ಕೈಸುಟ್ಟುಕೊಳ್ಳಬೇಡಿ. ಗುತ್ತಿಗೆದಾರನ ಮೂಲಕವಾದರೆ ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ, ಅಂದರೆ ಕೆಲಸಗಾರನಿಂದ ಕೂಲಿಯ ಶೇ. 0.75 ಮತ್ತು ಮಾಲೀಕನಿಂದ ಶೇ. 3.25, ಮೊದಲ ದಿನದಿಂದಲೇ ಕಟ್ಟಿರುವುದನ್ನು ನೋಡಿ ಬಿಲ್ಲಿಗೆ ಸಹಿ ಹಾಕಿ.

ಹಣ ಬ್ಯಾಂಕ್ ಖಾತೆಗೇ ಹೋಗಬೇಕು. ಆದರೆ ವರ್ಷಗಟ್ಟಲೆ ಒಳಗಿದ್ದವರ ಖಾತೆ ನಿಷ್ಕ್ರಿಯವಾಗಿರುತ್ತದೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಯಾರದೋ ಕೈಯಲ್ಲಿರುತ್ತದೆ. ಕೆಲಸಕ್ಕೆ ಸೇರುವ ಹಿಂದಿನ ವಾರವೇ ಒಬ್ಬ ಗುಮಾಸ್ತರನ್ನು ಜೊತೆಗೆ ಕಳುಹಿಸಿ ಇದನ್ನು ಸರಿಪಡಿಸಿ. ಮೊದಲ ತಿಂಗಳು ವಾರಕ್ಕೊಮ್ಮೆ ಕೂಲಿ ಹಾಕಿ. ತಿಂಗಳ ಕೊನೆಯವರೆಗೆ ಅಂಗಡಿಯಲ್ಲಿ ಸಾಲ ಬರೆಸಿಕೊಳ್ಳುವ ನಂಬಿಕೆ ಇವರಿಗೆ ಊರಲ್ಲಿ ಉಳಿದಿರುವುದಿಲ್ಲ.

ತಂಡ ಕಟ್ಟುವುದು

ಇವರದೇ ಪ್ರತ್ಯೇಕ ತಂಡ ಬೇಡ. ಅನುಭವಿಗಳ ನಡುವೆ ಒಬ್ಬಿಬ್ಬರಂತೆ ಸೇರಿಸಿ. ಹಿನ್ನೆಲೆ ಗೊತ್ತಿರಬೇಕಾದವರು ಒಬ್ಬ ಅಧಿಕಾರಿ ಮತ್ತು ಮೇಸ್ತ್ರಿ ಮಾತ್ರ. ಅಪರಾಧಕ್ಕೆ ಗುರಿಯಾದ ಕುಟುಂಬ ವಾಸಿಸುವ ಬೀದಿಗೆ ಹಾಕಬಾರದು; ಮಕ್ಕಳ ಮೇಲಿನ ಅಪರಾಧವಾಗಿದ್ದರೆ ಶಾಲೆಯ, ಅಂಗನವಾಡಿಯ ಆವರಣದ ಕೆಲಸವನ್ನೂ ಕೊಡಬಾರದು. ಉದ್ಘಾಟನೆ, ಫೋಟೊ, ಪತ್ರಿಕಾ ಪ್ರಕಟಣೆ ಯಾವುದೂ ಬೇಡ. ಸಮವಸ್ತ್ರ ಉಳಿದವರದೇ ಇರಲಿ.

ಹಂಗಾಮು ಮುಗಿದಾಗ ಕೆಲಸದ ಪ್ರಮಾಣಪತ್ರ ಕೊಡಿ, ಅದನ್ನು ಉಳಿದವರಿಗೆ ಕೊಡುವ ನಮೂನೆಯಲ್ಲೇ ಬರೆಯಿರಿ: ಹೆಸರು, ವಾರ್ಡು, ಹೂಳೆತ್ತುವ ತಂಡ, ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ, ಒಟ್ಟು ಹಾಜರಿ ಇಷ್ಟು. ಸೋಗಾನೆಯ ಹೆಸರಾಗಲಿ ಪೆರೋಲ್ ಎಂಬ ಪದವಾಗಲಿ ಅದರಲ್ಲಿ ಬರಬಾರದು.