ಎರಚಲು ತಡೆಯುವ ರಬ್ಬರು: ನಮ್ಮ ಆರ್‌ವಿಯ ಸ್ಲೈಡ್‌ಔಟ್ ಸೀಲ್ ನಾನೇ ಬದಲಿಸಿದ್ದು

2022ರ ಆಗಸ್ಟ್. ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಹತ್ತಿರ, ಪೈನ್ ಕಾಡಿನ ನಡುವೆ ನಮ್ಮ ಆರ್‌ವಿ, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಯಂಥ ಟ್ರೇಲರ್ ನಿಲ್ಲಿಸಿದ್ದೆವು. ರಾತ್ರಿ ಹನ್ನೊಂದಕ್ಕೆ ಹಿಡಿದ ಮಳೆ ಬೆಳಗಿನ ಜಾವದವರೆಗೂ ಬಿಡಲಿಲ್ಲ. ಐದು ಗಂಟೆಗೆ ಹೆಂಡತಿ ಎಬ್ಬಿಸಿದಳು. "ರೀ, ಏಳ್ರೀ. ಸೋಫಾ ಪಕ್ಕ ಕಾಲಿಟ್ರೆ ಕಾರ್ಪೆಟ್ ಪಿಚಪಿಚ ಅಂತಿದೆ."

ನಾವಿರುವುದು ಫೀನಿಕ್ಸ್‌ನಲ್ಲಿ. ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. ಮಳೆ ನೋಡಬೇಕು ಅನ್ನಿಸಿದಾಗಲೆಲ್ಲ ಫ್ಲ್ಯಾಗ್‌ಸ್ಟಾಫ್‌ಗೆ ಹತ್ತುತ್ತೇವೆ. ಅದು ಸುಮಾರು 7,000 ಅಡಿ ಎತ್ತರದ ಊರು. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಇಲ್ಲೂ ಮಾನ್ಸೂನ್ ಅಂತಲೇ ಕರೆಯುತ್ತಾರೆ. ಮಳೆ ನೋಡಲು ಹೋದವರಿಗೆ ಮಳೆ ಮನೆಯೊಳಗೇ ಬಂದರೆ ಹೊಟ್ಟೆಯಲ್ಲಿ ಒಂಥರಾ ಸಂಕಟ.

ಗೊತ್ತಿಲ್ಲದವರಿಗೆ ಒಂದು ಮಾತು. ಸ್ಲೈಡ್‌ಔಟ್ ಅಂದರೆ ಟ್ರೇಲರಿನ ಗೋಡೆಯಿಂದ ಮೇಜಿನ ಡ್ರಾಯರ್ ಥರ ಹೊರಗೆ ಜಾರುವ ಪೆಟ್ಟಿಗೆ. ನಮ್ಮದರಲ್ಲಿ ಸೋಫಾ ಮತ್ತು ಊಟದ ಮೇಜು ಅದರೊಳಗೇ ಇವೆ. ಗುಂಡಿ ಒತ್ತಿದರೆ ಮೋಟರ್ ಅದನ್ನು ಮೂರು ಅಡಿ ಹೊರಗೆ ತಳ್ಳುತ್ತದೆ, ಒಳಗೆ ಅಷ್ಟು ಜಾಗ ಸಿಗುತ್ತದೆ. ಆದರೆ ಇದಕ್ಕಾಗಿ ಗೋಡೆಯಲ್ಲಿ 12 ಅಡಿ ಅಗಲ, ಐದೂವರೆ ಅಡಿ ಎತ್ತರದ ತೂತು ಕೊರೆದಿರುತ್ತಾರೆ. ಪೆಟ್ಟಿಗೆಗೂ ತೂತಿಗೂ ನಡುವೆ ಸುತ್ತಲೂ ಸುಮಾರು ಒಂದು ಇಂಚು ಸಂದು. ಆ ಸಂದನ್ನು ಕಾಯುವುದು ಬರೀ ರಬ್ಬರು.

ಆ ರಬ್ಬರಿನಲ್ಲಿ ಎರಡು ಬಗೆ. ಒಂದು ಬಲ್ಬ್ ಸೀಲ್: ಒಳಗೆ ಟೊಳ್ಳಾದ, ಉಬ್ಬಿದ ಕೊಳವೆ. ಪೆಟ್ಟಿಗೆಯ ಅಂಚುಪಟ್ಟಿ ಬಂದು ಒತ್ತಿದಾಗ ಅದು ಚಪ್ಪಟೆಯಾಗಿ ಸಂದು ಮುಚ್ಚುತ್ತದೆ. ಗೋಡೆಯ ಒಳಮೈಗೆ ಒಂದು, ಹೊರಮೈಗೆ ಒಂದು. ಸ್ಲೈಡ್ ಹೊರಗಿದ್ದಾಗ ಒಳಗಿನದು ಒತ್ತಿಕೊಳ್ಳುತ್ತದೆ, ಒಳಗಿದ್ದಾಗ ಹೊರಗಿನದು. ಇನ್ನೊಂದು ವೈಪರ್ ಸೀಲ್: ನಾಲಗೆ ಥರದ ತೆಳು ಪಟ್ಟಿ. ಅದು ಪೆಟ್ಟಿಗೆಯ ಮೈಯನ್ನು ಸದಾ ಸವರಿಕೊಂಡಿರುತ್ತದೆ. ಸ್ಲೈಡ್ ಹೊರಗೆ ಹೋಗುವಾಗ ನಾಲಗೆ ಹೊರಮುಖ ಆಗಬೇಕು, ಒಳಗೆ ಬರುವಾಗ ಒಳಮುಖ ಮಗುಚಬೇಕು. ಈ ಮಗುಚುವಿಕೆಯ ಮೇಲೆಯೇ ಎಲ್ಲ ನಿಂತಿದೆ. ಅದು ನನಗೆ ಅರ್ಥವಾಗಲು ಒಂದು ಕಾರ್ಪೆಟ್ ಹೋಗಬೇಕಾಯಿತು.

ಅದಕ್ಕೂ ಹಿಂದಿನ ವರ್ಷ ಮೇಲಿನ ಎಡ ಮೂಲೆಯಲ್ಲಿ ಅರ್ಧ ಇಂಚು ಸಂದು ಕಂಡಿತ್ತು. ಹಳೇ ರಬ್ಬರು ಕುಗ್ಗಿ ಮೂಲೆ ಬಿಟ್ಟಿತ್ತು. ನಾನು ಅಂಗಡಿಯಿಂದ ಸಿಲಿಕೋನ್ ಟ್ಯೂಬ್ ತಂದು ಸಂದು ತುಂಬಿದೆ. ತೂತು ಇದ್ದರೆ ಮುಚ್ಚಬೇಕು, ಅಲ್ವಾ? ನೋಡಲು ಚೆನ್ನಾಗೇ ಇತ್ತು. ಆದರೆ ಸಿಲಿಕೋನ್ ಗಟ್ಟಿಯಾದ ಮೇಲೆ ಆ ಜಾಗದಲ್ಲಿ ನಾಲಗೆಗೆ ಮಗುಚಲು ಆಗಲಿಲ್ಲ. ಸ್ಲೈಡ್ ಹೊರಗೆ ಬಂದರೂ ಒಂದು ಗೇಣಿನಷ್ಟು ನಾಲಗೆ ಒಳಮುಖವಾಗಿಯೇ ಉಳಿಯುತ್ತಿತ್ತು. ಪೆಟ್ಟಿಗೆಯ ಮಾಡಿನ ಮೇಲೆ ಬಿದ್ದ ನೀರು ಆ ಗೇಣು ಜಾಗವನ್ನು ಹುಡುಕಿಕೊಂಡು ನೇರ ಒಳಗೆ ಇಳಿಯುತ್ತಿತ್ತು.

ಆ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಸ್ಲೈಡ್‌ಔಟ್ ಗೊತ್ತಿಲ್ಲ. ಆದರೆ ಎರಚಲು ಗೊತ್ತು. ನಮ್ಮ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಜಗಲಿಯ ಸುತ್ತ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. "ತಟ್ಟಿ ನೀರನ್ನ ತಡೆಯೋದಲ್ಲ ಮಾರಾಯ, ಹೊರಗೆ ಕಳಿಸೋದು. ಸೋಗೆ ತುದಿ ಒಳಗೆ ಬಾಗಿದ್ರೆ ನೀರು ಜಗಲಿಗೇ ಬರ್ತದೆ" ಅಂದರು. ಸೀಲ್ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ.

ಫೀನಿಕ್ಸ್‌ಗೆ ವಾಪಸ್ ಬಂದು ಮೊದಲು ಮಾಡಿದ್ದು ಒದ್ದೆ ಎಷ್ಟು ದೂರ ಹೋಗಿದೆ ಅಂತ ಅಳೆಯುವುದು. ಮೊಳೆ ಥರ ಎರಡು ಸೂಜಿ ಇರುವ ತೇವಮಾಪಕ ಅಗ್ಗಕ್ಕೇ ಸಿಗುತ್ತದೆ. ಒಣ ಮರದಲ್ಲಿ ಅದು ಶೇ 15ಕ್ಕಿಂತ ಕೆಳಗೆ ತೋರಿಸಬೇಕು. 20 ದಾಟಿ ಹಾಗೇ ಉಳಿದರೆ ಮರ ಕೊಳೆಯುವ ದಾರಿಯಲ್ಲಿದೆ ಅಂತ ಅರ್ಥ. ನಮ್ಮ ಮೂಲೆಯಲ್ಲಿ 26 ಇತ್ತು. ಕಾರ್ಪೆಟ್ ಕಿತ್ತು, ಎರಡು ಫ್ಯಾನ್ ಇಟ್ಟು ಒಂಬತ್ತು ದಿನ ಒಣಗಿಸಿದೆ. 11ಕ್ಕೆ ಇಳಿಯಿತು. ಈ ಮರುಭೂಮಿಯ ಒಣ ಗಾಳಿ ಒಂದು ಸಹಾಯ ಮಾಡಿತು. ನೆಲದ ಹಲಗೆಯ ಅಂಚು ಅಂಗೈ ಅಗಲ ಮೆತ್ತಗಾಗಿತ್ತು. ಅಲ್ಲಿಗೆ ಮರದೊಳಗೆ ಇಳಿಯುವ ತೆಳು ಎಪಾಕ್ಸಿ ಕುಡಿಸಿ ಗಟ್ಟಿ ಮಾಡಿದೆ. ಒಣಗಿಸುವ ಮುಂಚೆ ಸೀಲ್ ಬದಲಿಸಿದ್ದರೆ ಆ ನೀರು ಒಳಗೇ ಉಳಿದು ಹಲಗೆ ಪೂರ್ತಿ ಹೋಗುತ್ತಿತ್ತು.

ಆಮೇಲೆ ಎಲ್ಲೆಲ್ಲಿ ಸೋರುತ್ತದೆ ಅಂತ ಹುಡುಕಿದೆ. ಇದಕ್ಕೆ ಮೂರು ದಾರಿ ಹಿಡಿದೆ. ಮೊದಲನೆಯದು ಕಾಗದ. ನೋಟಿನಷ್ಟು ಅಗಲದ ಕಾಗದವನ್ನು ಬಲ್ಬ್ ಮತ್ತು ಅಂಚುಪಟ್ಟಿಯ ನಡುವೆ ಇಟ್ಟು ಸ್ಲೈಡ್ ಪೂರ್ತಿ ಓಡಿಸಿ ಎಳೆಯುವುದು. ಹಿಡಿದುಕೊಂಡರೆ ಸರಿ, ಸುಮ್ನೆ ಜಾರಿ ಬಂದರೆ ಅಲ್ಲಿ ಒತ್ತಡವಿಲ್ಲ. ಪ್ರತಿ ಅಡಿಗೊಮ್ಮೆ ಹೀಗೆ ನೋಡಿ ಪೆನ್ಸಿಲ್ ಗುರುತು ಹಾಕಿದೆ. ಎರಡನೆಯದು ರಾತ್ರಿ ಟಾರ್ಚ್. ಮಗಳು ಒಳಗೆ ಟಾರ್ಚ್ ಹಿಡಿದು ಅಂಚಿನುದ್ದಕ್ಕೂ ನಡೆದಳು, ನಾನು ಹೊರಗೆ ಕತ್ತಲಲ್ಲಿ ನಿಂತು ಬೆಳಕು ಎಲ್ಲಿ ಬರುತ್ತದೆ ಅಂತ ನೋಡಿದೆ. ಮೂಲೆಗಳಲ್ಲಿ ಮಾತ್ರ ಬೆಳಕಿನ ಗೆರೆ. ಮೂರನೆಯದು ನೀರಿನ ಪೈಪು. ಇಲ್ಲಿ ಜೋರಾಗಿ ಚಿಮ್ಮಿಸಬಾರದು. ಮಳೆ ಹಾಗೆ ಬೀಳುವುದಿಲ್ಲ, ಒಳ್ಳೆಯ ಸೀಲ್ ಕೂಡ ಆ ರಭಸಕ್ಕೆ ಸೋರಬಹುದು. ಮೆಲ್ಲಗೆ ನೀರು ಬಿಟ್ಟು ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೇಲಿನಿಂದ ಶುರು ಮಾಡಿದರೆ ನೀರು ಇಳಿದು ಬರುವುದರಿಂದ ಯಾವ ಜಾಗ ಸೋರಿತು ಅಂತ ಗೊತ್ತೇ ಆಗುವುದಿಲ್ಲ.

ರಿಪೇರಿ ಅಂಗಡಿಯೊಂದರಲ್ಲಿ ಕೇಳಿದೆ. 1,800 ಡಾಲರ್, ಎರಡು ತಿಂಗಳು ಕಾಯಬೇಕು ಅಂದರು. ನಾನೇ ಮಾಡಿದಾಗ ರಬ್ಬರು, ಅಂಟು ಎಲ್ಲ ಸೇರಿ 310 ಡಾಲರ್ ಆಯಿತು.

ಹೊಸ ರಬ್ಬರು ತರಿಸುವುದು ನಾನು ಅಂದುಕೊಂಡಷ್ಟು ಸುಲಭ ಇರಲಿಲ್ಲ. ಹೆಸರು ಹೇಳಿ ಕೊಳ್ಳುವ ವಸ್ತು ಇದಲ್ಲ. ಆಕಾರಗಳು ಹತ್ತಾರು. ಹಳೆಯದರಿಂದ ಎರಡು ಇಂಚು ಕತ್ತರಿಸಿ, ಕತ್ತರಿಸಿದ ಮುಖವನ್ನು ಕಾಗದದ ಮೇಲಿಟ್ಟು ಅಂಚು ಗೀಚಿಕೊಂಡೆ. ಬುಡದ ಅಗಲ, ಉಬ್ಬಿನ ಎತ್ತರ, ನಾಲಗೆಯ ಉದ್ದ, ಗೋಡೆಯ ದಪ್ಪ ಎಲ್ಲ ಅಳೆದೆ. ಹಳೇ ಬಲ್ಬ್ ಚಪ್ಪಟೆಯಾಗಿರುತ್ತದೆ. ಅದರ ಎತ್ತರ ನಂಬಬಾರದು. ಎಂದೂ ಹೆಚ್ಚು ಒತ್ತಿಸಿಕೊಳ್ಳದ ಜಾಗದಿಂದ ಅಳತೆ ತೆಗೆಯಬೇಕು. ನಮ್ಮ ಗಾಡಿಯಲ್ಲಿ ವೈಪರ್ ಇರುವ ಬುಡಪಟ್ಟಿ ಬೇರೆ, ಅಂಟು ಟೇಪ್ ಇರುವ ಬಲ್ಬ್ ಬೇರೆ. ಮೇಲೆ ಮತ್ತು ಎರಡು ಪಕ್ಕ ಸೇರಿ ಒಂದು ಸುತ್ತು 23 ಅಡಿ. ಒಳಗೆ ಹೊರಗೆ ಎರಡಕ್ಕೂ ಸೇರಿ ಬಲ್ಬ್ 50 ಅಡಿ, ವೈಪರ್ 25 ಅಡಿ ತರಿಸಿದೆ. ಎಲ್ಲ ಇಪಿಡಿಎಂ ಅನ್ನುವ ಕೃತಕ ರಬ್ಬರು. ಬಿಸಿಲಿಗೆ ಇದು ಚೆನ್ನಾಗಿ ತಡೆಯುತ್ತದೆ, ಪೆಟ್ರೋಲಿಯಂ ಎಣ್ಣೆಗೆ ತಡೆಯುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕೆಲಸವನ್ನು ನವೆಂಬರಿಗೆ ಇಟ್ಟುಕೊಂಡೆ. ತೀರಾ ಚಳಿಯಲ್ಲಿ ಟೇಪ್ ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ಲೋಹ ಕಾದು ಕೈಯೇ ಇಡಲಾಗದು. ಸ್ಲೈಡನ್ನು ಅರ್ಧಕ್ಕೆ ನಿಲ್ಲಿಸಿದೆ. ಹಾಗೆ ನಿಲ್ಲಿಸಿದರೆ ಒಳಗಿನ ಬಲ್ಬೂ ಹೊರಗಿನ ಬಲ್ಬೂ ಎರಡೂ ಕೈಗೆ ಸಿಗುತ್ತವೆ, ಯಾವುದೂ ಒತ್ತಿಕೊಂಡಿರುವುದಿಲ್ಲ. ಬ್ಯಾಟರಿ ತಂತಿ ಬಿಚ್ಚಿಟ್ಟೆ. ಕೈ ಸಂದಿನಲ್ಲಿದ್ದಾಗ ಯಾರಾದರೂ ಗುಂಡಿ ಒತ್ತಿದರೆ ಬೆರಳು ಉಳಿಯುವುದಿಲ್ಲ. ಇದನ್ನು ಮಾತ್ರ ಮರೆಯಬೇಡಿ.

ಹಳೆಯ ರಬ್ಬರು ಕೀಳಲು ಒಂದು ಮಧ್ಯಾಹ್ನ ಸಾಕಾಯಿತು. ನಾನು ಹಾಕಿದ್ದ ಸಿಲಿಕೋನ್ ತೆಗೆಯಲು ಎರಡು ವಾರಾಂತ್ಯ. ಪ್ಲಾಸ್ಟಿಕ್ ಬ್ಲೇಡಿನಿಂದ ಹೆರೆದರೂ ಕಣ್ಣಿಗೆ ಕಾಣದ ಪದರ ಉಳಿಯುತ್ತದೆ, ಅದರ ಮೇಲೆ ಯಾವ ಅಂಟೂ ಕೂರುವುದಿಲ್ಲ. ಹೆರೆದು, ಸಿಲಿಕೋನ್ ತೆಗೆಯುವ ದ್ರಾವಣ ಹಚ್ಚಿ, ಮತ್ತೆ ಹೆರೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದೆ. ನೀರು ಚಿಮುಕಿಸಿದಾಗ ಹನಿ ಮಣಿಯಂತೆ ನಿಂತರೆ ಇನ್ನೂ ಸಿಲಿಕೋನ್ ಇದೆ, ಹರಡಿಕೊಂಡರೆ ಶುದ್ಧ. ಕೈಮುಗಿದು ಹೇಳುತ್ತೇನೆ, ಸ್ಲೈಡ್ ಸೀಲಿಗೆ ಸಿಲಿಕೋನ್ ತುಂಬಬೇಡಿ.

ಹೊಸ ವೈಪರ್ ಬುಡಪಟ್ಟಿಯನ್ನು ಗೋಡೆಯ ಅಂಚಿಗೆ ಸಿಕ್ಕಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿದೆ. ಮೇಲೆ ಕೂರಿಸುವಾಗ ಒಂದು ಆಸೆ ಬರುತ್ತದೆ: ಸ್ವಲ್ಪ ಎಳೆದು ನೇರ ಮಾಡಿದರೆ ಚಂದ ಕಾಣುತ್ತದೆ ಅಂತ. ಎಳೆಯಬೇಡಿ. ಎಳೆದು ಕೂರಿಸಿದ ರಬ್ಬರು ಕೆಲವು ತಿಂಗಳಲ್ಲಿ ತನ್ನ ಉದ್ದಕ್ಕೆ ವಾಪಸ್ ಹೋಗುತ್ತದೆ, ಮೂಲೆಯಲ್ಲಿ ಸಂದು ಬಿಡುತ್ತದೆ. ನಮ್ಮ ಹಳೆಯದೂ ಹಾಗೇ ಬಿಟ್ಟಿರಬೇಕು. ನಾನು ಉಲ್ಟಾ ಮಾಡಿದೆ. 12 ಅಡಿಗೆ ಅರ್ಧ ಇಂಚು ಜಾಸ್ತಿ ಇಟ್ಟು, ನಡುವಿನಿಂದ ಎರಡೂ ಕಡೆಗೆ ರಬ್ಬರನ್ನು ಸ್ವಲ್ಪ ಸ್ವಲ್ಪ ದೂಡುತ್ತಾ ಕೂರಿಸಿದೆ.

ಮೂಲೆಯಲ್ಲಿ ಎರಡು ತುಂಡನ್ನೂ 45 ಡಿಗ್ರಿಗೆ ಕತ್ತರಿಸಬೇಕು. ಹೊಸ ಬ್ಲೇಡ್ ಬೇಕು, ಅದಕ್ಕೆ ಸೋಪಿನ ನೀರು ಹಚ್ಚಿಕೊಂಡರೆ ರಬ್ಬರು ಸಲೀಸಾಗಿ ಕತ್ತರಿಸುತ್ತದೆ. ಮೊದಲ ಎರಡು ಸಲ ನನ್ನ ಕೋನ ಕೂಡಲಿಲ್ಲ. ರಟ್ಟಿನಲ್ಲಿ ಒಂದು ಅಚ್ಚು ಮಾಡಿಕೊಂಡ ಮೇಲೆ ಸರಿ ಬಂತು. ಕತ್ತರಿಸಿದ ಎರಡೂ ಮುಖ ಒರೆಸಿ ಒಣಗಿಸಿ, 3ಎಂನ ಕಪ್ಪು ವೆದರ್‌ಸ್ಟ್ರಿಪ್ ಅಂಟನ್ನು ತೆಳುವಾಗಿ ಹಚ್ಚಿ, ಅಂಟು ಜಿಗುಟಾಗುವವರೆಗೆ ಕಾದು ಕೂಡಿಸಿದೆ. ಬುಡ ಮಾತ್ರ ಅಂಟಿಸಿದೆ, ನಾಲಗೆಯ ತುದಿಗೆ ಅಂಟು ಮುಟ್ಟಿಸಲಿಲ್ಲ. ಅದು ಆಡಬೇಕಲ್ಲ.

ಬಲ್ಬ್ ಅಂಟಿಸುವುದು ಸುಲಭ. ಟೇಪಿನ ಕಾಗದವನ್ನು ಒಂದೊಂದೇ ಅಡಿ ಬಿಡಿಸುತ್ತಾ, ಚಿಕ್ಕ ರೋಲರ್‌ನಿಂದ ಒತ್ತುತ್ತಾ ಹೋದೆ. ಮೂರು ದಿನ ಸ್ಲೈಡ್ ಅಲ್ಲಾಡಿಸಲಿಲ್ಲ. ಆ ಟೇಪಿನ ಅಂಟು ಪೂರ್ತಿ ಬಿಗಿಯಾಗಲು 72 ಗಂಟೆ ಬೇಕು.

ನಾಲ್ಕನೇ ದಿನ ಬ್ಯಾಟರಿ ಜೋಡಿಸಿ ಸ್ಲೈಡ್ ಪೂರ್ತಿ ಹೊರಗೆ ಕಳಿಸಿದೆ. ನಾನು ಏಣಿ ಮೇಲೆ ನಿಂತು ನಾಲಗೆ ನೋಡುತ್ತಿದ್ದೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಲೆಯಂತೆ ಮಗುಚಿ ಹೊರಮುಖವಾಯಿತು. ಪೈಪು ಬಿಟ್ಟೆವು. ಒಳಗಿಂದ ಮಗಳು ಕೂಗಿದಳು: "ಅಪ್ಪಾ, ಡ್ರೈ!"

ಇನ್ನು ಆರೈಕೆ. ಸೋಪಿನ ನೀರಲ್ಲಿ ಒರೆಸಿ, ಒಣಗಿಸಿ, 303 ಏರೋಸ್ಪೇಸ್ ಪ್ರೊಟೆಕ್ಟೆಂಟ್ ಥರದ ನೀರಿನಾಧಾರದ ದ್ರವವನ್ನು ಬಟ್ಟೆಗೆ ಹಾಕಿ ಸವರುತ್ತೇನೆ. ನಾಲಗೆಯ ಎರಡೂ ಮುಖಕ್ಕೆ, ಬಲ್ಬಿಗೆ. ಚಳಿಗಾಲದಲ್ಲಿ ಮೂರು ತಿಂಗಳಿಗೊಮ್ಮೆ ಸಾಕು, ಬೇಸಿಗೆಯಲ್ಲಿ ಆರು ವಾರಕ್ಕೊಮ್ಮೆ. ಕೀಲಿಗೆ ಹಾಕುವ ಎಣ್ಣೆ ಸ್ಪ್ರೇ, ವ್ಯಾಸಲಿನ್ ಹಚ್ಚುವವರಿದ್ದಾರೆ. ಬೇಡ. ಮೊದಲು ಹೇಳಿದೆನಲ್ಲ, ಪೆಟ್ರೋಲಿಯಂ ತಗುಲಿದರೆ ಇಪಿಡಿಎಂ ಊದಿಕೊಂಡು ಮೆತ್ತಗಾಗುತ್ತದೆ. ನಾಲಗೆ ಪೆಟ್ಟಿಗೆಗೆ ಅಂಟಿ ಕಿರಗುಟ್ಟಿದರೆ ಸ್ವಲ್ಪ ಟಾಲ್ಕಂ ಪೌಡರ್ ಸಾಕು.

ಗಾಡಿ ಸುಮ್ಮನೆ ನಿಂತಿರುವ ತಿಂಗಳುಗಳಲ್ಲೂ ತಿಂಗಳಿಗೊಮ್ಮೆ ಸ್ಲೈಡ್ ಹೊರಗೆ ಬಿಟ್ಟು ಅರ್ಧ ದಿನ ಇಡುತ್ತೇನೆ. ಸದಾ ಒತ್ತಿಸಿಕೊಂಡ ಹೊರಗಿನ ಬಲ್ಬ್ ಆಗ ಉಬ್ಬಿಕೊಳ್ಳುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಚಪ್ಪಟೆಯಾಗಿಯೇ ಉಳಿದುಬಿಡುತ್ತದೆ. ಕಾಡಿನಿಂದ ಹೊರಡುವ ಮುಂಚೆ ಏಣಿ ಹತ್ತಿ ಪೆಟ್ಟಿಗೆಯ ಮಾಡಿನ ಮೇಲಿನ ಪೈನ್ ಎಲೆಗಳನ್ನು ಗುಡಿಸಲೇಬೇಕು. ಸೂಜಿಯಂಥ ಆ ಎಲೆಗಳು ನಾಲಗೆಯಡಿ ಸಿಕ್ಕಿಕೊಂಡು ಎತ್ತಿಹಿಡಿದರೆ ನೀರಿಗೆ ದಾರಿಯಾಯಿತು. ಗಾಡಿ ನಿಲ್ಲಿಸುವಾಗ ಸ್ಲೈಡ್ ಇರುವ ಕಡೆ ಕೂದಲೆಳೆಯಷ್ಟು ತಗ್ಗಾಗಿರುವಂತೆ ನೋಡುತ್ತೇನೆ, ಮಾಡಿನ ನೀರು ಹೊರಗೆ ಇಳಿಯಲಿ ಅಂತ. ಎಲ್ಲಾದರೂ ನಾಲಗೆ ಮಗುಚದೆ ಉಳಿದರೆ ಅಡುಗೆಮನೆಯ ನೈಲಾನ್ ಸಟ್ಟುಗದಿಂದ ಬಿಡಿಸುತ್ತೇನೆ. ಲೋಹದ್ದು ರಬ್ಬರನ್ನು ಹರಿಯುತ್ತದೆ.

2023ರ ಬೇಸಿಗೆ ನನಗೆ ಹೆದರಿಕೆ ಹುಟ್ಟಿಸಿತ್ತು. ಜೂನ್ 30ರಿಂದ ಸತತ 31 ದಿನ ಫೀನಿಕ್ಸ್ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತು, ಅಂದರೆ 43 ಸೆಲ್ಸಿಯಸ್‌ಗೂ ಮೇಲೆ. ಆ ತಿಂಗಳು ಎರಡು ಸಲ ಸೂರ್ಯ ಹುಟ್ಟುವ ಮುಂಚೆಯೇ ಎದ್ದು ಸೀಲ್ ಒರೆಸಿದೆ. ಆಗಸ್ಟಿನಲ್ಲಿ ಮತ್ತೆ ಕಾಗದ ಇಟ್ಟು ನೋಡಿದಾಗ ಎಲ್ಲ ಕಡೆಯೂ ಹಿಡಿದುಕೊಂಡಿತು.

ಕೆಳಗಿನ ವೈಪರ್ ಮಾತ್ರ ಇನ್ನೂ ಹಳೆಯದೇ. ಅದಕ್ಕೆ ಗಾಡಿಯಡಿ ಮಲಗಿಕೊಂಡು ಕೆಲಸ ಮಾಡಬೇಕು. 12 ಅಡಿಯ ಹೊಸ ಪಟ್ಟಿ ತಂದು ಸುರುಳಿ ಸುತ್ತಿ ಸೋಫಾ ಕೆಳಗೆ ಇಟ್ಟಿದ್ದೇನೆ. ಈ ನವೆಂಬರಿಗೆ ಅದನ್ನು ಹಾಕಬೇಕು.